ಬಾಡಿಗೆಯ ಮನೆ, ಉಮ್ಮನ ಇದ್ದತ್ ಮತ್ತು ಕೆಳಮನೆಯವರ ಹಕ್ಕು

ಬಾಡಿಗೆಯ ಮನೆಯಲ್ಲಿ ಬದುಕುವವರಿಗೆ, ಮನೆಯ ಒಡೆಯರು ನವೀಕರಣದ ಮಾತೆತ್ತಿದರೆ ಸಂತೋಷವಾಗಬೇಕು. ಆದರೆ ಸಾಮಾನ್ಯವಾಗಿ ಹಾಗಾಗುವುದಿಲ್ಲ. ಸೋರುವ ನಲ್ಲಿಯೊಂದನ್ನು ಸರಿಪಡಿಸಿಕೊಡಿರೆಂದು ವರ್ಷಗಟ್ಟಲೆ ಕೇಳಿಕೊಂಡವರು ಕೂಡ, ಇಡೀ ಮನೆಯನ್ನೇ ಹೊಸದು ಮಾಡುತ್ತೇವೆಂದು ಒಡೆಯರು ಹೇಳಿದ ದಿನ ಅಂಜುತ್ತಾರೆ. ಹೊಸ ಟೈಲ್ಸಿನ ಬೆನ್ನಿಗೆ ಹೊಸ ಬಾಡಿಗೆಯೂ ಬರುತ್ತದೆಯೆಂಬುದು ಎಲ್ಲರಿಗೂ ತಿಳಿದ ಸಂಗತಿ. ಎರಡು ವರ್ಷಗಳ ಹಿಂದೆ ನಮಗೂ ಅಂಥದೊಂದು ದಿನ ಬಂತು. ಅಂದು ನಾವು ಕೊಟ್ಟ ಮೊದಲ ಉತ್ತರದ ಬಗ್ಗೆ ಇಂದಿಗೂ ನಮಗೆ ನಾಚಿಕೆಯಿದೆ. ಓದುಗರಲ್ಲಿ ಒಬ್ಬರಿಗಾದರೂ ಪ್ರಯೋಜನವಾದೀತೆಂಬ ಆಸೆಯಿಂದ ಅದನ್ನು ಇಲ್ಲಿ ಬರೆಯುತ್ತಿದ್ದೇವೆ.

ನಾವು ವಾಸಿಸುವುದು ಮಂಗಳೂರಿನ ಹಳೆಯ ವಸತಿ ಕಟ್ಟಡವೊಂದರ ಎರಡನೆಯ ಮಹಡಿಯಲ್ಲಿ. ಎರಡು ಕೋಣೆ, ಒಂದು ಹಾಲ್, ಅಡುಗೆಮನೆ. ಉಮ್ಮನ ಕೋಣೆಗೆ ತಾಗಿ ಒಂದು ಸ್ನಾನಗೃಹ, ಅಡುಗೆಮನೆಯ ಪಕ್ಕದಲ್ಲಿ ಇನ್ನೊಂದು. ನೆಲಕ್ಕೆ ಹಳೆಯ ಕಾಲದ ಮೊಸಾಯಿಕ್. ಒಂದು ಲಕ್ಷ ಮುಂಗಡ, ತಿಂಗಳಿಗೆ 9,500 ರೂಪಾಯಿ ಬಾಡಿಗೆ. ಹನ್ನೊಂದು ತಿಂಗಳಿಗೊಮ್ಮೆ ಕರಾರುಪತ್ರ ಹೊಸದಾಗುತ್ತಿತ್ತು. 1882ರ ಆಸ್ತಿ ವರ್ಗಾವಣೆ ಕಾಯ್ದೆಯಂತೆ ಒಂದು ವರ್ಷಕ್ಕೆ ಮೀರಿದ ಗುತ್ತಿಗೆಗೆ ನೋಂದಣಿ ಬೇಕಾಗುವುದರಿಂದ, ನಮ್ಮ ನಾಡಿನಲ್ಲಿ ಹೆಚ್ಚಿನ ಬಾಡಿಗೆದಾರರ ಬದುಕು ಈ ಹನ್ನೊಂದು ತಿಂಗಳ ಲೆಕ್ಕದಲ್ಲಿಯೇ ಸಾಗುತ್ತದೆ. ಒಡೆಯರು ನಿವೃತ್ತರು, ನಮ್ಮ ಸಮುದಾಯದವರಲ್ಲ. ಆದರೂ ನಮ್ಮ ತಂದೆಯವರು ತೀರಿಕೊಂಡ ದಿನ ಬೆಳಗಿನಿಂದ ಜನಾಝ ಹೊರಡುವವರೆಗೂ ಮೆಟ್ಟಿಲ ಬಳಿ ನಿಂತಿದ್ದವರು.

ತಂದೆಯವರು ವಿದಾಯ ಹೇಳಿದ್ದು ರಜಬ್ 22ರಂದು. ಉಮ್ಮ ಅಂದಿನಿಂದ ಇದ್ದತ್‌ನಲ್ಲಿ ಕುಳಿತರು. ಪತಿಯನ್ನು ಕಳೆದುಕೊಂಡ ಸ್ತ್ರೀಗೆ ಪವಿತ್ರ ಕುರ್‌ಆನ್ ಸೂರಃ ಅಲ್‌ಬಖರದಲ್ಲಿ ನಿಗದಿಪಡಿಸಿದ ಅವಧಿ ನಾಲ್ಕು ತಿಂಗಳು ಹತ್ತು ದಿನ. ಆ ಲೆಕ್ಕ ಮುಗಿಯುವುದು ದುಲ್‌ಹಜ್ 2ಕ್ಕೆ, ಅಂದರೆ ಜೂನ್ ಎರಡನೆಯ ವಾರಕ್ಕೆ.

ಶಅಬಾನ್ ತಿಂಗಳ ಕೊನೆಯ ವಾರ ಒಡೆಯರು ಮನೆಗೆ ಬಂದರು. ಬಹಳ ಹೊತ್ತು ತಂದೆಯವರ ಮಾತನ್ನೇ ಆಡಿ, ಕೊನೆಗೆ ಹೇಳಿದರು: “ಉಸ್ತಾದರೇ, ಈ ಹೊತ್ತಿನಲ್ಲಿ ಹೇಳಬಾರದಿತ್ತು. ಆದರೆ ಮಳೆ ಹಿಡಿಯುವುದಕ್ಕೆ ಮುಂಚೆ ಮಾಡದಿದ್ದರೆ ಈ ವರ್ಷ ಮಾಡಲಿಕ್ಕಾಗುವುದಿಲ್ಲ.” ಅಡುಗೆಮನೆ ಮತ್ತು ಅದರ ಪಕ್ಕದ ಸ್ನಾನಗೃಹದ ನೆಲವನ್ನು ಅಗೆದು, ನೀರು ಇಳಿಯದಂತೆ ಭದ್ರಪಡಿಸಿ, ಮನೆಗೆಲ್ಲ ಟೈಲ್ಸ್ ಹಾಕಿಸಿ, ವೈರಿಂಗ್ ಬದಲಿಸುವುದು ಅವರ ಯೋಜನೆ. ನಾವು ಎರಡು ತಿಂಗಳು ಬೇರೆಡೆ ಇದ್ದರೆ ಅನುಕೂಲ. ಕೆಲಸ ಮುಗಿದ ಮೇಲೆ ಬಾಡಿಗೆ 12,000. ಮಾರ್ಚ್ ಕೊನೆಗೆ ನಮ್ಮ ಕರಾರಿನ ಅವಧಿಯೂ ಮುಗಿಯುವುದಿತ್ತು.

ನಾವು ತಡಮಾಡದೆ ಉತ್ತರ ಕೊಟ್ಟೆವು: “ಉಮ್ಮ ಇದ್ದತ್‌ನಲ್ಲಿದ್ದಾರೆ. ಅದು ಮುಗಿಯುವವರೆಗೆ ಅವರು ಈ ಮನೆ ಬಿಡುವಂತಿಲ್ಲ. ಇದು ನಮ್ಮ ಧರ್ಮದ ವಿಧಿ.”

ಒಡೆಯರು ತಲೆ ತಗ್ಗಿಸಿದರು. “ಧರ್ಮದ ವಿಷಯವಾದರೆ ನಾನೇನು ಹೇಳಲಿ” ಎಂದು ಚಹಾವನ್ನು ಅರ್ಧಕ್ಕೆ ಬಿಟ್ಟು ಎದ್ದುಹೋದರು.

ನಾವು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಪ್ರವಾದಿವರ್ಯರ(ಸ) ಕಾಲದಲ್ಲಿ, ಅಬೂ ಸಈದುಲ್ ಖುದ್ರಿ(ರ)ಯವರ ಸಹೋದರಿ ಫುರೈಅ(ರ) ಪತಿಯನ್ನು ಕಳೆದುಕೊಂಡಾಗ, ತನಗೆ ಪತಿಯ ಸ್ವಂತದ ಮನೆಯೂ ಇಲ್ಲ, ಖರ್ಚಿಗೂ ಇಲ್ಲ, ತವರಿಗೆ ಹೋಗಲೇ ಎಂದು ಕೇಳಿದ ಪ್ರಸಂಗ ಹದೀಸ್ ಗ್ರಂಥಗಳಲ್ಲಿದೆ. ಪ್ರವಾದಿವರ್ಯರು(ಸ) ಮೊದಲು ಒಪ್ಪಿ, ಬಳಿಕ ಆಕೆಯನ್ನು ಹಿಂದಕ್ಕೆ ಕರೆಸಿ, ಅವಧಿ ಮುಗಿಯುವವರೆಗೆ ಇದ್ದ ಮನೆಯಲ್ಲಿಯೇ ಇರಲು ಹೇಳಿದರು. ಈ ಪ್ರಸಂಗವನ್ನು ನಾವೇ ಎಷ್ಟೋ ಸಲ ತರಗತಿಯಲ್ಲಿ ಪಾಠ ಮಾಡಿದ್ದೇವೆ.

ಆದರೆ ಅಂದು ರಾತ್ರಿ ನಮಗಾದ ನೆಮ್ಮದಿ ವಿಧಿಯೊಂದನ್ನು ಪಾಲಿಸಿದ ನೆಮ್ಮದಿಯಾಗಿರಲಿಲ್ಲ. ಪತ್ನಿಯೊಡನೆ ಕುಳಿತು ಲೆಕ್ಕ ಹಾಕಿದೆವು. ಇದ್ದತ್ ಮುಗಿಯುವಷ್ಟರಲ್ಲಿ ಮುಂಗಾರು ಕರಾವಳಿಗೆ ಬಂದಿರುತ್ತದೆ. ಆ ಮೇಲೆ ನಾಲ್ಕು ತಿಂಗಳು ಗಾರೆ ಒಣಗುವುದಿಲ್ಲ. ಹಾಗಾದರೆ ಕೆಲಸ ಮುಂದಿನ ಬೇಸಿಗೆಗೆ ಹೋಗುತ್ತದೆ. ತಿಂಗಳಿಗೆ 2,500ರಂತೆ ವರ್ಷಕ್ಕೆ 30,000 ರೂಪಾಯಿ ಉಳಿಯುತ್ತದೆ. ಮದ್ರಸದ ಸಂಬಳದಲ್ಲಿ ಸಂಸಾರ ಸಾಗಿಸುವವರಿಗೆ ಅದು ಸಣ್ಣ ಮೊತ್ತವಲ್ಲ. ಒಡೆಯರು ಯಾಕೆ ಅಷ್ಟು ಅವಸರಪಟ್ಟರೆಂದು ನಾವು ಕೇಳಲೇ ಇಲ್ಲ.

ಉತ್ತರ ಸಿಕ್ಕಿದ್ದು ರಮಝಾನಿನ ಮೊದಲ ವಾರದಲ್ಲಿ. ತರಾವೀಹ್ ಮುಗಿಸಿ ಬರುವಾಗ ಕೆಳಮನೆಯವರು ಬಾಗಿಲ ಬಳಿ ಬಕೆಟಿನ ಕೆಂಪುನೀರು ಚೆಲ್ಲುತ್ತಿದ್ದರು. ಏನೆಂದು ಕೇಳಿದೆವು. ಅವರು ಹೇಳಲು ಹಿಂಜರಿದರು. ನಾವೇ ಒತ್ತಾಯಿಸಿದಾಗ ಒಳಗೆ ಕರೆದುಕೊಂಡು ಹೋಗಿ ಅಡುಗೆಮನೆಯ ಮೇಲ್ಭಾಗ ತೋರಿಸಿದರು. ನಮ್ಮ ಸ್ನಾನಗೃಹದ ಕೆಳಗೆ ಸರಿಯಾಗಿ ಕಾಂಕ್ರೀಟಿನ ತುಂಡುಗಳು ಉದುರಿ, ತುಕ್ಕು ಹಿಡಿದ ಕಬ್ಬಿಣದ ಸರಳುಗಳು ಹೊರಗೆ ಕಾಣುತ್ತಿದ್ದವು. ಕಡಲ ಉಪ್ಪುಗಾಳಿಯ ಊರಿನಲ್ಲಿ ಸರಳಿಗೆ ಒಮ್ಮೆ ನೀರು ತಾಗಿದರೆ ಅದು ತುಕ್ಕು ಹಿಡಿದು ಉಬ್ಬಿ, ಸುತ್ತಲಿನ ಕಾಂಕ್ರೀಟನ್ನೇ ಸೀಳುತ್ತದೆ. ಕೆಳಗೆ ಪ್ಲಾಸ್ಟಿಕ್ ಹಾಳೆಯೊಂದನ್ನು ಕಟ್ಟಿದ್ದರು. ಒಲೆ ಹಾಲ್‌ಗೆ ಹೋಗಿತ್ತು. ದೀಪಾವಳಿಯಿಂದಲೂ ಅವರು ನಮ್ಮ ಮನೆಯ ಒಡೆಯರಿಗೆ ಹೇಳುತ್ತಲೇ ಇದ್ದರಂತೆ.

“ನಮಗೇಕೆ ಹೇಳಲಿಲ್ಲ?” ಎಂದೆವು.

“ನಿಮ್ಮ ತಂದೆಯವರಿಗೆ ಹುಷಾರಿರಲಿಲ್ಲ, ಆಮೇಲೆ ಹೀಗಾಯಿತು. ಸಾವಿನ ಮನೆಗೆ ಬಂದು ಇದನ್ನು ಹೇಗೆ ಹೇಳುವುದು ಉಸ್ತಾದರೇ?”

ತಂದೆಯವರು ತೀರಿಕೊಂಡ ಮೂರು ದಿನ ನಮ್ಮ ಮನೆಗೆ ಬೆಳಗಿನ ಚಹಾ, ತಿಂಡಿ ಬಂದದ್ದು ಅದೇ ಅಡುಗೆಮನೆಯಿಂದ.

ಆ ರಾತ್ರಿ ನಮಗೆ ನಿದ್ದೆ ಹತ್ತಲಿಲ್ಲ. ಮರುದಿನ ನಮಗೆ ದರ್ಸ್‌ನಲ್ಲಿ ಪಾಠ ಹೇಳಿಕೊಟ್ಟ ಹಿರಿಯ ಉಸ್ತಾದರಲ್ಲಿಗೆ ಹೋದೆವು. ಅವರ ಮುಂದೆ ಫತ್‌ಹುಲ್ ಮುಈನ್ ತೆರೆದಿತ್ತು. ಪೊನ್ನಾನಿಯ ಎರಡನೆಯ ಝೈನುದ್ದೀನ್ ಮಖ್ದೂಮರು 16ನೆಯ ಶತಮಾನದಲ್ಲಿ ರಚಿಸಿದ ಈ ಗ್ರಂಥವನ್ನು ನಮ್ಮ ಕರಾವಳಿಯ ದರ್ಸ್‌ಗಳಲ್ಲಿ ಇಂದಿಗೂ ಓದಿಸುತ್ತಾರೆ. ಉಸ್ತಾದರು ಸಾವಧಾನವಾಗಿ ವಿವರಿಸಿದರು. ಶಾಫಿಈ ಕರ್ಮಶಾಸ್ತ್ರದಂತೆ ಇದ್ದತ್‌ನ ಸ್ತ್ರೀ ಇದ್ದ ಮನೆಯಲ್ಲಿಯೇ ಇರತಕ್ಕದ್ದು. ಆದರೆ ಮನೆ ಕುಸಿಯುವ ಭಯವಿದ್ದರೆ ಬೇರೆಡೆಗೆ ಹೋಗಬಹುದು. ಬಾಡಿಗೆಯ ಅವಧಿ ಮುಗಿದು, ಒಡೆಯನು ಮತ್ತೆ ಕೊಡಲು ಒಪ್ಪದಿದ್ದರೂ ಹೋಗಬಹುದು. ಆಕೆಯ ಇದ್ದತ್‌ನಿಂದಾಗಿ ಒಡೆಯನ ಹಕ್ಕು ರದ್ದಾಗುವುದಿಲ್ಲ. ಹಾನಿಯನ್ನು ನಿವಾರಿಸಬೇಕೆಂಬುದು ಕರ್ಮಶಾಸ್ತ್ರದ ಐದು ಮೂಲತತ್ವಗಳಲ್ಲಿ ಒಂದಾಗಿರುವುದರಿಂದ, ಕೆಳಮನೆಯವರ ತಲೆಯ ಮೇಲಿನ ಅಪಾಯವನ್ನು ನಾವು ಕಡೆಗಣಿಸುವಂತಿಲ್ಲ. ಮನೆ ಬಿಡದೆ, ಒಂದು ಕೋಣೆಯಲ್ಲಿ ಮರೆಯಾಗಿ ಸುರಕ್ಷಿತವಾಗಿ ಇರಲು ಸಾಧ್ಯವಾದರೆ ಅದೇ ಉತ್ತಮ.

ಕೊನೆಯಲ್ಲಿ ಅವರು ಕೇಳಿದರು: “ಉಮ್ಮನಲ್ಲಿ ಕೇಳಿದಿರಾ?”

ನಾವು ಕೇಳಿರಲಿಲ್ಲ. ಉಮ್ಮನ ಹೆಸರಿನಲ್ಲಿ ಒಡೆಯರನ್ನು ಹಿಂದಕ್ಕೆ ಕಳುಹಿಸಿದ್ದೆವು, ಆದರೆ ಉಮ್ಮನಿಗೆ ಒಂದು ಮಾತು ಹೇಳಿರಲಿಲ್ಲ.

ಅಂದು ಇಫ್ತಾರಿನ ಬಳಿಕ ಉಮ್ಮನ ಕೋಣೆಯಲ್ಲಿ ಕುಳಿತು ಎಲ್ಲವನ್ನೂ ಹೇಳಿದೆವು. ಅವರಿಗೆ ಸೋರಿಕೆಯ ವಿಷಯ ಮೊದಲೇ ಗೊತ್ತಿತ್ತು. ದಿನವೂ ಬಂದು ಮಾತನಾಡಿಸಿ ಹೋಗುತ್ತಿದ್ದ ಕೆಳಮನೆಯ ಹೆಂಗಸು ಒಮ್ಮೆ ಬಾಯಿತಪ್ಪಿ ಅಂದಿದ್ದರಂತೆ. ಅಂದಿನಿಂದ ಉಮ್ಮ ಅಡುಗೆಮನೆ ಪಕ್ಕದ ಸ್ನಾನಗೃಹದಲ್ಲಿ ಬಟ್ಟೆ ಒಗೆಯುವುದನ್ನು ನಿಲ್ಲಿಸಿ ತಮ್ಮ ಕೋಣೆಯಲ್ಲಿಯೇ ಒಗೆಯುತ್ತಿದ್ದರು. ಅದೇ ಮನೆಯಲ್ಲಿದ್ದ ನಾವು ಅದನ್ನು ಗಮನಿಸಿರಲಿಲ್ಲ.

ಬಾಡಿಗೆಯ ಲೆಕ್ಕವನ್ನೂ ಮುಚ್ಚಿಡದೆ ಹೇಳಿದೆವು. ಉಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು ಅಂದರು: “ಇದ್ದತ್ ನನ್ನದು, ಮೋನೇ. ಅದನ್ನು ಬಾಡಿಗೆಗೆ ಅಡ್ಡವಾಗಿ ನಿಲ್ಲಿಸಬೇಡ. ನಾನು ಈ ಕೋಣೆಯಲ್ಲಿ ಇರುತ್ತೇನೆ. ಅವರು ಕೆಲಸ ಮಾಡಲಿ.”

ಮರುದಿನ ಒಡೆಯರ ಮನೆಗೆ ನಾವೇ ಹೋದೆವು. ನಾವು ಹೇಳಿದ್ದು ಅರ್ಧ ಮಾತ್ರ, ಉಳಿದರ್ಧ ಹಣದ ಚಿಂತೆಯಾಗಿತ್ತೆಂದು ಒಪ್ಪಿಕೊಂಡೆವು. ಅದನ್ನು ಹೇಳುವಾಗ ನಾಲಿಗೆ ತೊಡರಿತು. ಒಡೆಯರು ನಕ್ಕರು. “ನನಗೂ ಹಣದ ಚಿಂತೆಯೇ ಉಸ್ತಾದರೇ. ಇಲ್ಲದಿದ್ದರೆ ದೀಪಾವಳಿಗೇ ಮಾಡಿಸುತ್ತಿದ್ದೆ” ಎಂದರು. ಅಲ್ಲಿಂದ ಮಾತು ಸುಲಭವಾಯಿತು.

ನಮ್ಮ ಪರಿಚಯದ ವಕೀಲರೊಬ್ಬರನ್ನೂ ಕೇಳಿದ್ದೆವು. ತಿಂಗಳಿಗೆ 3,500 ರೂಪಾಯಿಗೆ ಮೀರಿದ ಬಾಡಿಗೆಯ ಮನೆಗಳಿಗೆ 1999ರ ಕರ್ನಾಟಕ ಬಾಡಿಗೆ ಕಾಯ್ದೆಯ ರಕ್ಷಣೆ ಇಲ್ಲದಿರುವುದರಿಂದ, ನಮ್ಮಂಥವರಿಗೆ ಕರಾರುಪತ್ರದಲ್ಲಿ ಬರೆದುಕೊಂಡದ್ದೇ ಮುಖ್ಯ ಆಧಾರ ಎಂದು ಅವರು ಹೇಳಿದ್ದರು. ವ್ಯವಹಾರವನ್ನು ಬರೆದಿಡಿರೆಂದು ಕುರ್‌ಆನ್ ಕಲಿಸಿದ್ದು ಕೂಡ ಇದಕ್ಕಾಗಿಯೇ ಅಲ್ಲವೇ? ಒಂದು ಹಾಳೆಯಲ್ಲಿ ಎಲ್ಲವನ್ನೂ ಬರೆದು ಇಬ್ಬರೂ ಸಹಿ ಹಾಕಿದೆವು. ಈದ್ ಕಳೆದ ಮೇಲೆ ಕೆಲಸ ಆರಂಭ. ಮೊದಲು ಸ್ನಾನಗೃಹ, ಬಳಿಕ ಅಡುಗೆಮನೆ, ಕೊನೆಗೆ ಹಾಲ್. ಕೆಲಸಗಾರರು ಬೆಳಗ್ಗೆ ಒಂಬತ್ತರಿಂದ ಸಂಜೆ ಐದರವರೆಗೆ. ಉಮ್ಮನ ಕೋಣೆಯನ್ನು ಇದ್ದತ್ ಮುಗಿದು ಮಳೆ ನಿಂತ ಬಳಿಕವೇ ಮುಟ್ಟುವುದು. ಕೆಲಸ ನಡೆಯುವ ದಿನಗಳಿಗೆ ಅರ್ಧ ಬಾಡಿಗೆ, ಜುಲೈಯಿಂದ 11,000. ಬಾಡಿಗೆಯೆಂಬುದು ಪ್ರಯೋಜನಕ್ಕೆ ಕೊಡುವ ಬೆಲೆ, ಪ್ರಯೋಜನ ಕಡಿಮೆಯಾದಾಗ ಬೆಲೆಯೂ ಕಡಿಮೆಯಾಗುವುದು ನ್ಯಾಯ ಎಂದು ನಾವು ಹೇಳಿದಾಗ ಒಡೆಯರು ವಾದಿಸಲಿಲ್ಲ.

ಆ ಆರು ವಾರಗಳು ಸುಲಭವಾಗಿರಲಿಲ್ಲ. ಅನ್ನದಲ್ಲಿಯೂ ಧೂಳು. ಏಪ್ರಿಲ್, ಮೇ ತಿಂಗಳ ಸೆಕೆಯಲ್ಲಿ ಬಾಗಿಲು ಮುಚ್ಚಿಕೊಂಡು ಉಮ್ಮ ತಸ್ಬೀಹ್ ಹಿಡಿದು ಕುಳಿತಿರುತ್ತಿದ್ದರು. ಮಕ್ಕಳನ್ನು ಹಗಲು ಪತ್ನಿಯ ತವರಿಗೆ ಕಳುಹಿಸಿದೆವು. ಸ್ನಾನಗೃಹದ ನೆಲ ಸಿದ್ಧವಾದ ಮೇಲೆ ಮೇಸ್ತ್ರಿ ಅದರಲ್ಲಿ ನೀರು ಕಟ್ಟಿ ಎರಡು ಹಗಲು ಎರಡು ರಾತ್ರಿ ಹಾಗೆಯೇ ಬಿಟ್ಟರು. ಮೂರನೆಯ ದಿನ ಬೆಳಗ್ಗೆ ನಾವೂ ಕೆಳಮನೆಯವರೂ ಒಟ್ಟಿಗೆ ನಿಂತು ಅವರ ಅಡುಗೆಮನೆಯ ಮೇಲ್ಭಾಗ ನೋಡಿದೆವು. ಒಂದು ಹನಿಯೂ ಇರಲಿಲ್ಲ. ಮುಂದಿನ ವಾರ ಸರಳಿನ ತುಕ್ಕು ಕೆರೆದು ಗಾರೆ ಮೆತ್ತಿದರು. ಒಲೆ ಮತ್ತೆ ಅಡುಗೆಮನೆಗೆ ಬಂತು.

ಹಾಲ್‌ನ ನೆಲ ಒಡೆಯುವ ದಿನ ಮಾತ್ರ ನಮ್ಮ ಮನಸ್ಸು ತಡೆಯಲಿಲ್ಲ. ತಂದೆಯವರ ಕುರ್ಚಿಯ ಹಿಂಗಾಲುಗಳು ತಿಕ್ಕಿ ಮೊಸಾಯಿಕ್‌ನಲ್ಲಿ ಎರಡು ಕುಳಿಗಳಾಗಿದ್ದವು. ಮಂಡಿನೋವು ಬಂದ ಮೇಲೆ ಅವರು ನಮಾಝ್ ನಿರ್ವಹಿಸುತ್ತಿದ್ದುದು ಆ ಕುರ್ಚಿಯಲ್ಲಿಯೇ. ಅಷ್ಟು ಜಾಗವನ್ನಾದರೂ ಬಿಡಿರೆಂದು ಕೇಳಬೇಕೆನಿಸಿತು. ಕೇಳಲಿಲ್ಲ. ಇಜಾರದ ಪಾಠದಲ್ಲಿ ಮಕ್ಕಳಿಗೆ ನಾವು ಮೊದಲು ಕಲಿಸುವುದೇ, ಬಾಡಿಗೆದಾರನು ಪಡೆಯುವುದು ವಸ್ತುವಿನ ಪ್ರಯೋಜನವನ್ನೇ ಹೊರತು ವಸ್ತುವನ್ನಲ್ಲ ಎಂಬುದನ್ನು. ಆ ನೆಲ ಒಂದು ದಿನವೂ ನಮ್ಮದಾಗಿರಲಿಲ್ಲ. ಕುರ್ಚಿ ನಮ್ಮದು, ಅದು ಈಗ ಉಮ್ಮನ ಕೋಣೆಯಲ್ಲಿದೆ.

ಹೆಚ್ಚಾದ 1,500 ರೂಪಾಯಿಗಾಗಿ ನಾವು ಸಂಜೆ ಹೈಸ್ಕೂಲಿನ ಐದಾರು ಮಕ್ಕಳಿಗೆ ಕನ್ನಡ ಪಾಠ ಹೇಳತೊಡಗಿದೆವು. ಕಷ್ಟವಿದೆ, ಆದರೆ ಸಾಗುತ್ತಿದೆ, ಅಲ್‌ಹಮ್ದುಲಿಲ್ಲಾಹ್.

ಒಡೆಯರು ಹೇಳಿದ ಪ್ರತಿಯೊಂದು ನವೀಕರಣವನ್ನೂ ಬಾಡಿಗೆದಾರನು ಒಪ್ಪಬೇಕೆಂದು ನಾವು ಹೇಳುತ್ತಿಲ್ಲ. ಕರಾರಿನ ಅವಧಿ ಇರುವಾಗಲೇ ಬಾಡಿಗೆ ಏರಿಸುವುದನ್ನು ಒಪ್ಪಬೇಕಾಗಿಲ್ಲ. ಅವಧಿ ಮುಗಿಯುವವರೆಗೆ ಕರಾರು ಇಬ್ಬರನ್ನೂ ಬಂಧಿಸುತ್ತದೆ. ದುರಸ್ತಿಯ ನೆಪದಲ್ಲಿ ಒಕ್ಕಲೆಬ್ಬಿಸುವವರೂ ಇದ್ದಾರೆ. ಕೆಲಸ ಎಷ್ಟು ದಿನ, ಅಷ್ಟು ದಿನ ಬಾಡಿಗೆ ಎಷ್ಟು, ಮುಗಿದ ಮೇಲೆ ಎಷ್ಟು ಎಂಬುದನ್ನು ಬರೆದುಕೊಡದ ಹೊರತು ಒಂದು ಹೆಂಚನ್ನೂ ಕದಲಿಸಲು ಬಿಡಬೇಡಿ. ಮನೆಯಲ್ಲಿ ರೋಗಿಗಳೋ ಮುದುಕರೋ ಇದ್ದರೆ ಅವರ ಅನುಕೂಲವನ್ನು ಮೊದಲು ಕೇಳಿ. ಆದರೆ ಬೇಡವೆನ್ನುವ ಮುನ್ನ ಒಮ್ಮೆ ಮೆಟ್ಟಿಲಿಳಿದು ಕೆಳಮನೆಯ ಬಾಗಿಲು ತಟ್ಟಿ. ದೀನಿನ ವಿಧಿಯನ್ನು ಮುಂದಿಟ್ಟು ಬೇಡವೆನ್ನುವುದಾದರೆ, ಆ ವಿಧಿ ಯಾರ ಮೇಲಿದೆಯೋ ಅವರನ್ನು ಕೇಳಿದ್ದೇವೆಯೇ ಎಂದು ನೋಡಿಕೊಳ್ಳಿ. ನಮ್ಮಂಥ ಓದಿದವರು ಈ ತಪ್ಪನ್ನು ಬೇಗ ಮಾಡುತ್ತೇವೆ, ಏಕೆಂದರೆ ನಮ್ಮ ಬಳಿ ಪುರಾವೆಗಳು ಯಾವಾಗಲೂ ಸಿದ್ಧವಾಗಿರುತ್ತವೆ.

ಅಲ್ಲಾಹನು ನಮ್ಮ ನಿಯ್ಯತ್ತನ್ನು ಶುದ್ಧಗೊಳಿಸಲಿ, ನೆರೆಹೊರೆಯವರಿಗೆ ನಮ್ಮಿಂದ ನೋವಾಗದಂತೆ ಕಾಪಾಡಲಿ, ಅಗಲಿದ ನಮ್ಮ ಹಿರಿಯರ ಖಬರನ್ನು ವಿಶಾಲಗೊಳಿಸಲಿ. ಆಮೀನ್.