ಪೀಣ್ಯದ ಶೆಡ್ಡಿನಿಂದ ಚಂದ್ರನ ಕಲ್ಲಿನವರೆಗೆ

ತುಮಕೂರು ರಸ್ತೆಯಲ್ಲಿ ಗೊರಗುಂಟೆಪಾಳ್ಯ ದಾಟಿದರೆ ಪೀಣ್ಯ ಕಣ್ಣಿಗೆ ಬೀಳುವ ಮೊದಲೇ ಮೂಗಿಗೆ ಬೀಳುತ್ತದೆ. ಕಾದ ಕಬ್ಬಿಣ, ಯಂತ್ರದ ಎಣ್ಣೆ, ಬಣ್ಣ ಎಲ್ಲ ಸೇರಿದ ವಾಸನೆ ಅದು. ಏಷ್ಯದ ದೊಡ್ಡ ಕೈಗಾರಿಕಾ ಪ್ರದೇಶಗಳಲ್ಲಿ ಒಂದು ಎಂದು ಹೆಸರಾದ ಈ ಊರಿನಲ್ಲಿ ಬೆಳಗಿನ ಪಾಳಿಯವರು ಒಳಗೆ ಹೋಗುವಾಗ ರಾತ್ರಿ ಪಾಳಿಯವರು ಎದುರು ಸಿಗುತ್ತಾರೆ. ಮೆಟ್ರೊ ಬಂದ ಮೇಲೆ ಬಸ್ಸಿನ ನೂಕುನುಗ್ಗಲು ಒಂದಿಷ್ಟು ತಗ್ಗಿದೆ. ಲಾರಿಗಳ ಕಾಟ ಮಾತ್ರ ತಗ್ಗಿಲ್ಲ.

ಮೊದಲನೇ ಹಂತದ ಒಂದು ರಸ್ತೆಗೆ ತಿರುಗಿದರೆ ಲೇತ್ ಅಂಗಡಿಗಳ ನಡುವೆ ಎತ್ತರದ ಕಾಂಪೌಂಡು, ಕಾವಲುಗಾರರು, ಒಳಗೆ ಮರಗಳ ನೆರಳು ಕಾಣುತ್ತದೆ. ಇಲ್ಲಿ ಇಸ್ರೊದ ಎರಡು ಸಂಸ್ಥೆಗಳಿವೆ. ಒಂದು, ಉಪಗ್ರಹಗಳ ಜಾಡು ಹಿಡಿದು ಆಜ್ಞೆ ಕೊಡುವ ಇಸ್ಟ್ರಾಕ್. ಇನ್ನೊಂದು, ಬೆಳಕಿನ ಉಪಕರಣಗಳನ್ನು ತಯಾರಿಸುವ ಲಿಯೋಸ್. ಕರೆಯಿಲ್ಲದೆ ಒಳಗೆ ಹೋಗುವಂತಿಲ್ಲ. ಗೇಟಿನ ಮುಂದೆ ಚಹಾ ಕುಡಿಯುವ ಎಷ್ಟೋ ಮಂದಿಗೆ, ಚಂದ್ರನ ಮಣ್ಣಿನಲ್ಲಿ ಏನಿದೆ ಎಂದು ಮುಟ್ಟಿ ನೋಡಿದ ಯಂತ್ರ ಈ ಗೋಡೆಯ ಆಚೆ ತಯಾರಾಯಿತೆಂಬುದು ತಿಳಿದಿರಲಿಕ್ಕಿಲ್ಲ.

ಕಥೆ ಶುರುವಾದದ್ದು ಶೆಡ್ಡುಗಳಲ್ಲಿ. ಉಡುಪಿ ಬಳಿಯ ಅದಮಾರಿನಲ್ಲಿ ಹುಟ್ಟಿದ ಯು.ಆರ್. ರಾವ್ ಅವರಿಗೆ 70ರ ದಶಕದ ಆರಂಭದಲ್ಲಿ ದೇಶದ ಮೊದಲ ಉಪಗ್ರಹ ಕಟ್ಟುವ ಹೊಣೆ ಬಿತ್ತು. ಅದಕ್ಕೆ ಸಿಕ್ಕ ಜಾಗ ಪೀಣ್ಯದ ಕೈಗಾರಿಕಾ ಶೆಡ್ಡುಗಳು. ಉಪಗ್ರಹವನ್ನು ಕಣ್ಣಾರೆ ನೋಡಿರದ ಎಳೆಯ ಎಂಜಿನಿಯರುಗಳೇ ಹೆಚ್ಚಾಗಿದ್ದ ತಂಡ 360 ಕಿಲೋ ತೂಕದ ‘ಆರ್ಯಭಟ’ವನ್ನು ಕಟ್ಟಿತು. 1975ರ ಏಪ್ರಿಲ್ 19ರಂದು ಸೋವಿಯತ್ ರಾಕೆಟ್ ಅದನ್ನು ಮೇಲಕ್ಕೆ ಒಯ್ದಿತು. ಕೆಲವೇ ದಿನಗಳಲ್ಲಿ ವಿದ್ಯುತ್ ಪೂರೈಕೆ ಕೆಟ್ಟು ಅದರ ವಿಜ್ಞಾನ ಪ್ರಯೋಗಗಳು ನಿಂತುಹೋದವು. ಆದರೆ ಕೈ ಪಳಗಿತ್ತು. ಆರ್ಯಭಟ ರೂಪುಗೊಂಡ ಆ ಜಾಗದಲ್ಲೇ ಇಂದು ಲಿಯೋಸ್ ಇದೆ.

ಬೇರೆ ಗ್ರಹದ ನೆಲವನ್ನು ಓದುವುದೆಂದರೆ ಏನು? ಭೂಮಿಯಲ್ಲಾದರೆ ಭೂವಿಜ್ಞಾನಿ ಸುತ್ತಿಗೆ ಹಿಡಿದು ಬೆಟ್ಟ ಹತ್ತುತ್ತಾನೆ, ಕಲ್ಲು ಒಡೆಯುತ್ತಾನೆ, ಮಸೂರದಲ್ಲಿ ನೋಡುತ್ತಾನೆ. ಚಂದ್ರನ ಮೇಲೆ ಆ ಕೆಲಸವನ್ನು ಬೆಳಕು ಮಾಡಬೇಕು. ಮೊದಲು ನಕ್ಷೆ. 2008ರ ಅಕ್ಟೋಬರ್ 22ರಂದು ಹೊರಟ ಚಂದ್ರಯಾನ-1ರಲ್ಲಿ ಲಿಯೋಸ್ ತಯಾರಿಸಿದ ಲೇಸರ್ ಎತ್ತರಮಾಪಕ ಇತ್ತು. ನೂರು ಕಿ.ಮೀ. ಎತ್ತರದಿಂದ ಲೇಸರ್ ಮಿಡಿತವನ್ನು ಕೆಳಗೆ ಬಿಡುವುದು, ಅದು ನೆಲಕ್ಕೆ ತಾಗಿ ಹಿಂದಿರುಗಲು ಎಷ್ಟು ಹೊತ್ತು ಹಿಡಿಯಿತೆಂದು ಅಳೆಯುವುದು. ಹೋಗಿ ಬರಲು ಸೆಕೆಂಡಿನ ಸಾವಿರದಲ್ಲಿ ಒಂದು ಭಾಗವೂ ಬೇಡ. ಆ ಚೂರು ಹೊತ್ತಿನ ಏರುಪೇರಿನಲ್ಲೇ ಬೆಟ್ಟ ಯಾವುದು, ಹಳ್ಳ ಯಾವುದು ಎಂಬುದು ಗೊತ್ತಾಗುತ್ತದೆ. ಕ್ಯಾಮೆರಾಕ್ಕೆ ಸೂರ್ಯನ ಬೆಳಕು ಬೇಕು, ಲೇಸರಿಗೆ ಬೇಡ. ಧ್ರುವಗಳ ಬಳಿ ಎಂದೂ ಬಿಸಿಲು ಕಾಣದ ಕುಳಿಗಳ ಆಳ ತಿಳಿಯಲು ಇದೇ ದಾರಿ. ಅದೇ ನೌಕೆಯಲ್ಲಿದ್ದ ಅಮೆರಿಕದ ಖನಿಜ ನಕ್ಷೆ ಉಪಕರಣ ಚಂದ್ರನ ನೆಲದಲ್ಲಿ ನೀರಿನ ಸುಳಿವು ಹಿಡಿದದ್ದು 2009ರಲ್ಲಿ ಜಗತ್ತಿಗೆ ಗೊತ್ತಾಯಿತು.

ನಕ್ಷೆಯಿಂದ ವಯಸ್ಸು ಹೇಳುವ ವಿದ್ಯೆಯೂ ಒಂದಿದೆ. ಅದನ್ನು ಅರಿಯಲು ಪೀಣ್ಯದ ರಸ್ತೆಗಳಿಗಿಂತ ಒಳ್ಳೆಯ ಪಾಠ ಇಲ್ಲ. ಹೊಸದಾಗಿ ಡಾಂಬರು ಬಳಿದ ರಸ್ತೆಯಲ್ಲಿ ಗುಂಡಿಗಳು ವಿರಳ. ಹಳೆಯದರಲ್ಲಿ ಗುಂಡಿಯ ಮೇಲೆ ಗುಂಡಿ. ಚಂದ್ರನಿಗೆ ಗುಂಡಿ ತೋಡುವುದು ಲಾರಿಯಲ್ಲ, ಉಲ್ಕೆ. ನಮ್ಮ ಅಜ್ಜಿಯರು ಮೊಲವೆಂದು ತೋರಿಸುವ ಕಪ್ಪು ಭಾಗ ಒಂದು ಕಾಲದಲ್ಲಿ ಲಾವಾ ಹರಿದು ಹೊಸದಾಗಿ ಬಳಿದ ನೆಲ. ಅಲ್ಲಿ ಕುಳಿಗಳು ಕಡಿಮೆ. ಸುತ್ತಲಿನ ಬೆಳ್ಳಗಿನ ಎತ್ತರದ ನೆಲ ಇನ್ನೂ ಹಳೆಯದು, ಕುಳಿಗಳಿಂದ ತುಂಬಿದ್ದು. ಕುಳಿ ಎಣಿಸುವುದು ಗ್ರಹಗಳ ಭೂವಿಜ್ಞಾನದಲ್ಲಿ ಗಂಭೀರವಾದ ಕೆಲಸ. ಹೈಸ್ಕೂಲು ಹುಡುಗರೂ ಮಾಡಬಹುದಾದದ್ದು. ರಸ್ತೆಯ ಗುಂಡಿ ಎಣಿಸುವವರು ಮಾತ್ರ ಇನ್ನೂ ಯಾರೂ ಬಂದಂತಿಲ್ಲ.

ನಕ್ಷೆ ಸರಿಯಿಲ್ಲದಿದ್ದರೆ, ಇಳಿಯುವ ಜಾಗ ಇಕ್ಕಟ್ಟಾದರೆ ಏನಾಗುತ್ತದೆಂಬ ಭಯ ಪೀಣ್ಯಕ್ಕೆ ಚೆನ್ನಾಗಿ ಗೊತ್ತು. 2019ರ ಸೆಪ್ಟೆಂಬರ್ 7ರ ನಸುಕಿಗೆ ಮೊದಲು ಇಸ್ಟ್ರಾಕ್ ನಿಯಂತ್ರಣ ಕೊಠಡಿಯಲ್ಲಿ ಎಲ್ಲರ ಕಣ್ಣು ಒಂದೇ ಗೆರೆಯ ಮೇಲಿತ್ತು. ಚಂದ್ರಯಾನ-2ರ ‘ವಿಕ್ರಮ್’ ಇಳಿಯುತ್ತಾ ಇಳಿಯುತ್ತಾ ಕೊನೆಯ ಗಳಿಗೆಯಲ್ಲಿ ಸಂಪರ್ಕ ಕಡಿದುಕೊಂಡಿತು. ಅದು ಅಪ್ಪಳಿಸಿದ ಜಾಗದ ಚೂರುಗಳನ್ನು ಹುಡುಕಿಕೊಟ್ಟವರು ಚೆನ್ನೈನ ಎಂಜಿನಿಯರ್ ಷಣ್ಮುಗ ಸುಬ್ರಮಣಿಯನ್. ಅವರು ಬಾಹ್ಯಾಕಾಶ ಸಂಸ್ಥೆಯ ನೌಕರರಲ್ಲ. ಎಲ್ಲರಿಗೂ ಬಿಟ್ಟಿಯಾಗಿ ಸಿಗುವ ನಾಸಾದ ಹಳೆಯ ಮತ್ತು ಹೊಸ ಚಿತ್ರಗಳನ್ನು ಅಕ್ಕಪಕ್ಕ ಇಟ್ಟು ಚುಕ್ಕೆ ಚುಕ್ಕೆ ಹೋಲಿಸಿ ನೋಡಿದರು. ಆ ವರ್ಷದ ಡಿಸೆಂಬರ್‌ನಲ್ಲಿ ನಾಸಾ ಅವರ ಹೆಸರು ಹೇಳಿ ಮನ್ನಣೆ ಕೊಟ್ಟಿತು.

ಇಳಿಯದಿದ್ದರೂ ಚಂದ್ರಯಾನ-2ರ ಸುತ್ತುನೌಕೆ ಉಳಿದುಕೊಂಡಿತ್ತು. ಅದರ ಕ್ಯಾಮೆರಾ ಕಾಲು ಮೀಟರಿನಷ್ಟು ಸಣ್ಣ ವಿವರವನ್ನೂ ತೋರಿಸಬಲ್ಲದು. ಮುಂದಿನ ಪ್ರಯತ್ನಕ್ಕೆ ಆ ಚಿತ್ರಗಳೇ ಆಸರೆಯಾದವು. ಹಿಂದಿನ ಸಲ ಇಳಿಯಲು ಗುರುತಿಸಿದ್ದ ಜಾಗ 500 ಮೀಟರ್ ಚೌಕ. ಈ ಸಲ ಅದನ್ನು 4 ಕಿ.ಮೀ. ಉದ್ದ, 2.4 ಕಿ.ಮೀ. ಅಗಲಕ್ಕೆ ಹಿಗ್ಗಿಸಿದರು. ಇಳಿದಾಣದ ಕಣ್ಣುಗಳಿಗೆ ಕುಳಿ ಗುರುತಿಸುವ ಅಭ್ಯಾಸ ಮಾಡಿಸಲು ಚಳ್ಳಕೆರೆ ಬಳಿಯ ಉಳ್ಳಾರ್ತಿ ಕಾವಲಿನಲ್ಲಿ ಕೃತಕ ಕುಳಿಗಳನ್ನೇ ತೋಡಲಾಗಿತ್ತು. ರೋವರಿನ ಚಕ್ರಗಳನ್ನು ಪರೀಕ್ಷಿಸುವ ‘ಚಂದ್ರನ ಮಣ್ಣಿಗೆ’ ತಮಿಳುನಾಡಿನ ನಾಮಕ್ಕಲ್ ಜಿಲ್ಲೆಯ ಸಿತ್ತಂಪೂಂಡಿಯ ಅನಾರ್ಥೊಸೈಟ್ ಕಲ್ಲನ್ನು ಪುಡಿ ಮಾಡಲಾಯಿತು. ಚಂದ್ರನ ಎತ್ತರದ ನೆಲದ ಕಲ್ಲನ್ನು ಹೋಲುವ ಕಲ್ಲು ಸೇಲಂ ಸೀಮೆಯಲ್ಲೇ ಇದೆಯೆಂಬುದು ಭೂವಿಜ್ಞಾನಿಗಳಿಗೆ ಗೊತ್ತಿದ್ದರಿಂದ ಪರದೇಶದಿಂದ ತರಿಸುವ ಖರ್ಚು ಉಳಿಯಿತು.

2023ರ ಆಗಸ್ಟ್ 23, ಸಂಜೆ. ಚಂದ್ರನಿಂದ ಬರುವ ಸಂಕೇತ ಬೆಂಗಳೂರಿಗೆ ತಲುಪಲು ಒಂದೂಕಾಲು ಸೆಕೆಂಡಿಗಿಂತ ತುಸು ಹೆಚ್ಚು ಹೊತ್ತು ಬೇಕು. ಊರಿನಿಂದ ಸುಮಾರು 40 ಕಿ.ಮೀ. ದೂರದ ಬ್ಯಾಲಾಳುವಿನ 32 ಮೀಟರ್ ಅಗಲದ ಆಂಟೆನಾದಂಥ ಕಿವಿಗಳು ಅದನ್ನು ಕೇಳಿ ಪೀಣ್ಯಕ್ಕೆ ದಾಟಿಸುತ್ತವೆ. ಇಳಿತದ ಕೊನೆಯ ಹತ್ತೊಂಬತ್ತು ನಿಮಿಷ ಯಂತ್ರವೇ ತನ್ನ ಬುದ್ಧಿಯಿಂದ ಇಳಿಯಬೇಕು, ನೆಲದ ಮೇಲಿರುವವರು ನೋಡುತ್ತಾ ಕೂರಬೇಕು. 6 ಗಂಟೆ 4 ನಿಮಿಷಕ್ಕೆ ವಿಕ್ರಮ್ ನೆಲ ಮುಟ್ಟಿತು. ಪತ್ರಿಕೆಗಳೆಲ್ಲ ದಕ್ಷಿಣ ಧ್ರುವ ಎಂದು ಬರೆದವು. ಸರಿಯಾಗಿ ಹೇಳುವುದಾದರೆ ಅದು 69 ಡಿಗ್ರಿ ದಕ್ಷಿಣ ಅಕ್ಷಾಂಶ. ಧ್ರುವ ಇನ್ನೂ 600 ಕಿ.ಮೀ.ಗಿಂತ ಆಚೆ. ಹಾಗಿದ್ದರೂ ಅಷ್ಟು ದಕ್ಷಿಣಕ್ಕೆ ಅದಕ್ಕೂ ಮೊದಲು ಯಾರೂ ಮೆಲ್ಲಗೆ ಇಳಿದಿರಲಿಲ್ಲ.

ಕೆಲಸಕ್ಕೆ ಇದ್ದದ್ದು ಚಂದ್ರನ ಒಂದು ಹಗಲು, ಅಂದರೆ ನಮ್ಮ ಸುಮಾರು ಹದಿನಾಲ್ಕು ದಿನ. ರಾತ್ರಿಯ ಚಳಿಗೆ ಯಂತ್ರ ಬದುಕುವ ಭರವಸೆ ಇರಲಿಲ್ಲ. 26 ಕಿಲೋ ತೂಕದ ‘ಪ್ರಜ್ಞಾನ್’ ಆಗಸ್ಟ್ 27ರಂದು ಮೂರು ಮೀಟರ್ ಮುಂದೆ ನಾಲ್ಕು ಮೀಟರ್ ಅಗಲದ ಕುಳಿ ಕಂಡಿತು. ಅದನ್ನು ತೋರಿಸಿದ ಕ್ಯಾಮೆರಾಗಳು ಲಿಯೋಸ್ ತಯಾರಿಸಿದವು. ಹಿಂದೆ ಸರಿಯುವ ಆಜ್ಞೆ ಹೋಯಿತು, ಬಂಡಿ ಬೇರೆ ದಾರಿ ಹಿಡಿಯಿತು.

ಅದರಲ್ಲಿದ್ದ ಇನ್ನೊಂದು ಲಿಯೋಸ್ ಉಪಕರಣ ಲಿಬ್ಸ್. ಲೇಸರ್ ಮಿಡಿತ ಬಡಿದಾಗ ಮಣ್ಣಿನ ಒಂದು ಚುಕ್ಕೆ ಉರಿದು ಕಿಡಿಯಾಗುತ್ತದೆ. ಆ ಕಿಡಿಯ ಬೆಳಕನ್ನು ಬಣ್ಣ ಬಣ್ಣವಾಗಿ ಬಿಡಿಸಿದರೆ ಯಾವ ಮೂಲವಸ್ತು ಇದೆಯೆಂದು ಹೇಳಬಹುದು. ದೀಪಾವಳಿಯ ಮತಾಪಿನಲ್ಲಿ ಬೇರಿಯಂ ಹಸಿರಾಗಿ, ಸ್ಟ್ರಾನ್ಷಿಯಂ ಕೆಂಪಾಗಿ ಉರಿಯುವುದೂ ಇದೇ ನಿಯಮದಿಂದ. ಆಗಸ್ಟ್ ಮುಗಿಯುವುದರೊಳಗೆ ಫಲಿತಾಂಶ ಬಂತು: ಅಲ್ಯೂಮಿನಿಯಂ, ಕ್ಯಾಲ್ಸಿಯಂ, ಕಬ್ಬಿಣ, ಕ್ರೋಮಿಯಂ, ಟೈಟಾನಿಯಂ, ಮ್ಯಾಂಗನೀಸ್, ಸಿಲಿಕಾನ್, ಆಮ್ಲಜನಕ, ಜೊತೆಗೆ ಗಂಧಕ. ಚಂದ್ರನ ಆ ಭಾಗದಲ್ಲಿ ಗಂಧಕವನ್ನು ಸ್ಥಳದಲ್ಲೇ ಅಳೆದು ಖಚಿತಪಡಿಸಿದ್ದು ಅದೇ ಮೊದಲು.

ಅಹಮದಾಬಾದಿನ ಭೌತವಿಜ್ಞಾನ ಪ್ರಯೋಗಾಲಯದ ಕ್ಷ-ಕಿರಣ ಉಪಕರಣವೂ ಆ ಬಂಡಿಯಲ್ಲಿತ್ತು. ಸುಮಾರು ನೂರು ಮೀಟರ್ ಹಾದಿಯಲ್ಲಿ 23 ಕಡೆ ಮಣ್ಣು ಅಳೆದ ಅದರ ವರದಿ 2024ರ ಆಗಸ್ಟ್‌ನಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂತು. ಮಣ್ಣು ಹೆಚ್ಚಾಗಿ ಅನಾರ್ಥೊಸೈಟ್ ಬಗೆಯದು. ಹುಟ್ಟಿದ ಹೊಸದರಲ್ಲಿ ಚಂದ್ರ ಪೂರ್ತಿ ಕರಗಿದ ಶಿಲಾಪಾಕದ ಕಡಲಾಗಿತ್ತು, ಹಾಲಿನ ಮೇಲೆ ಕೆನೆ ಕಟ್ಟಿದಂತೆ ಹಗುರ ಖನಿಜ ತೇಲಿ ತೊಗಟೆಯಾಯಿತು ಎಂಬ ವಾದಕ್ಕೆ ಇದು ಬಲ ಕೊಟ್ಟಿತು. ಅಪೊಲೊ ಯಾತ್ರಿಕರು ತಂದ ಕಲ್ಲುಗಳೆಲ್ಲ ಸಮಭಾಜಕದ ಹತ್ತಿರದವು. ದೂರದ ದಕ್ಷಿಣದಲ್ಲೂ ಅದೇ ಕೆನೆ ಸಿಕ್ಕಿದ್ದು ದೊಡ್ಡ ಮಾತು.

ಲಾಲ್‌ಬಾಗ್ ಬಂಡೆ ಸುಮಾರು 300 ಕೋಟಿ ವರ್ಷ ಹಳೆಯದೆಂದು ಅಲ್ಲಿನ ಫಲಕ ಹೇಳುತ್ತದೆ. ಪೀಣ್ಯ ನಿಂತಿರುವುದೂ ಅಂಥದೇ ನೈಸ್ ಶಿಲೆಯ ಮೇಲೆ. ಅಷ್ಟು ಹಳೆಯ ಕಲ್ಲು ಭೂಮಿಯಲ್ಲಿ ಅಪರೂಪ. ಮಳೆ, ಗಾಳಿ, ಖಂಡಗಳ ಸರಿದಾಟ ಎಲ್ಲವನ್ನೂ ಅಳಿಸುತ್ತವೆ. ಚಂದ್ರನಲ್ಲಿ ಅವು ಯಾವುವೂ ಇಲ್ಲ. ಭೂಮಿ ಕಳೆದುಕೊಂಡ ಮೊದಲ ಪುಟಗಳು ಅಲ್ಲಿ ಉಳಿದಿವೆ.

ಮಗಳು ಭೂವಿಜ್ಞಾನ ತೆಗೆದುಕೊಳ್ಳುತ್ತೇನೆಂದರೆ ‘ಕಲ್ಲು ಕುಟ್ಟುವ ಓದು ಯಾಕಮ್ಮ’ ಎನ್ನುವ ಮನೆಗಳು ಇನ್ನೂ ಇವೆ. ಎಲೆಕ್ಟ್ರಾನಿಕ್ ಸಿಟಿ, ವೈಟ್‌ಫೀಲ್ಡ್‌ಗಳ ಸಂಬಳದ ಮುಂದೆ ಆ ಮಾತಿಗೆ ತೂಕವೂ ಇದೆ. ಆದರೆ ಈ ಕೆಲಸದಲ್ಲಿ ಕಲ್ಲು ಬಲ್ಲವರ ಜೊತೆಗೆ ಮಸೂರ ಉಜ್ಜುವವರು, ತಂತ್ರಾಂಶ ಬರೆಯುವವರು, ಲೋಹ ಕಡೆಯುವವರು ಎಲ್ಲರೂ ಬೇಕು. ಬೆಂಗಳೂರು ವಿಶ್ವವಿದ್ಯಾಲಯದ ಜ್ಞಾನಭಾರತಿಯಲ್ಲಿ ಭೂವಿಜ್ಞಾನ ವಿಭಾಗವಿದೆ. ಒಂಬತ್ತನೇ ತರಗತಿಯವರಿಗಾಗಿ ಇಸ್ರೊ 2019ರಲ್ಲಿ ‘ಯುವಿಕಾ’ ಎಂಬ ಕಾರ್ಯಕ್ರಮ ಶುರುಮಾಡಿತು. ಚಂದ್ರಯಾನದ ಚಿತ್ರ, ಅಳತೆಗಳನ್ನು ಬ್ಯಾಲಾಳುವಿನ ದತ್ತಾಂಶ ಕೇಂದ್ರ ಸಾರ್ವಜನಿಕರಿಗೂ ತೆರೆದಿಟ್ಟಿದೆ; ಹೆಸರು ನೋಂದಾಯಿಸಿದರೆ ಸಾಕು, ದುಡ್ಡಿಲ್ಲ.

ಕಂಪ್ಯೂಟರ್ ಇಲ್ಲದವರು ಸಾಧಾರಣ ದುರ್ಬೀನು ಹಿಡಿಯಬಹುದು. ಹುಣ್ಣಿಮೆಗೆ ನಾಲ್ಕೈದು ದಿನ ಮೊದಲು ಚಂದ್ರ ನೆತ್ತಿಯ ಹತ್ತಿರ ಬಂದಾಗ ದಕ್ಷಿಣಕ್ಕೆ ಮುಖ ಮಾಡಿ ನಿಂತರೆ, ತಟ್ಟೆಯ ಕೆಳಗಿನ ಅಂಚಿನ ಬಳಿ ಕುಳಿಗಳು ಒತ್ತೊತ್ತಾಗಿ ಕಾಣುವ ಬೆಳ್ಳಗಿನ ಜಾಗವಿದೆ. ವಿಕ್ರಮ್ ನಿಂತಿರುವುದು ಆ ಸುತ್ತಿನಲ್ಲೇ. ವಿಕ್ರಮ್ ಮಾತ್ರ ಕಾಣುವುದಿಲ್ಲ.