ಮಲಪ್ರಭೆಯ ತೀರದಲ್ಲಿ ಆಯ್ಕೆಯ ಮಾತು

2025ರ ಶ್ರಾವಣ ಮಾಸದಲ್ಲಿ ಶರಣಚರಿತ್ರೆಯ ಪ್ರವಚನದ ನಿಮಿತ್ತವಾಗಿ ನಾವು ಕಿತ್ತೂರು, ಬೈಲಹೊಂಗಲ, ಸವದತ್ತಿ, ರಾಮದುರ್ಗ ಈ ನಾಲ್ಕು ಊರುಗಳನ್ನು ಕ್ರಮವಾಗಿ ಸಂದರ್ಶಿಸುವ ಯೋಗ ಒದಗಿಬಂದಿತು. ಇವು ನಮಗೆ ಹೊಸ ಊರುಗಳಲ್ಲ. ಈ ಸೀಮೆಯ ಜೋಳದ ರೊಟ್ಟಿಯನ್ನುಂಡು ಬೆಳೆದ ದೇಹವಿದು. ಆದರೂ ಈ ಸಲದ ಪ್ರವಾಸದಲ್ಲಿ ಪ್ರವಚನದ ವಿಷಯಕ್ಕಿಂತ ಬೇರೊಂದು ವಿಚಾರವೇ ಮೊದಲಿನಿಂದ ಕೊನೆಯವರೆಗೆ ನಮ್ಮ ಬೆನ್ನು ಹತ್ತಿತು. ಅದು ಕಬಡ್ಡಿ ಆಟಗಾರರ ಆಯ್ಕೆಯ ವಿಚಾರ. ಮಠದಲ್ಲಿ ಓದಿದ ಮುದುಕನಿಗೆ ಕಬಡ್ಡಿಯ ಗೊಡವೆ ಏಕೆಂದು ವಾಚಕರು ನಗಬಹುದು. ಮಠದ ಬಯಲಿನಲ್ಲಿ ಸಂಜೆಯ ಹೊತ್ತು ಹುತುತು ಆಡಿ ಮೊಣಕಾಲು ಕೆತ್ತಿಸಿಕೊಂಡವರಲ್ಲಿ ನಾವೂ ಒಬ್ಬರು. ಪ್ರೊ ಕಬಡ್ಡಿ 2014ರಲ್ಲಿ ಆರಂಭವಾದಂದಿನಿಂದ ಅದನ್ನು ತಪ್ಪದೆ ನೋಡುತ್ತ ಬಂದಿದ್ದೇವೆ. ಪೂಜೆಯ ವೇಳೆಯನ್ನು ಮಾತ್ರ ಅದಕ್ಕಾಗಿ ಬದಲಿಸಿಲ್ಲ.

ಮೊದಲ ದಿನ ಕಿತ್ತೂರು. ಕೋಟೆಯೊಳಗಿನ ಅರಮನೆಯ ಅವಶೇಷಗಳ ನಡುವೆ ನಿಂತಾಗ ಈ ಸಂಸ್ಥಾನದ ಕಡೆಯ ಅಧ್ಯಾಯವು ಒಂದು ಆಯ್ಕೆಯಿಂದಲೇ ಆರಂಭವಾಯಿತೆಂಬುದು ನೆನಪಾಯಿತು. 1824ರ ಸೆಪ್ಟೆಂಬರಿನಲ್ಲಿ ಶಿವಲಿಂಗರುದ್ರ ಸರ್ಜನು ಸಂತಾನವಿಲ್ಲದೆ ತೀರಿಕೊಂಡನು. ಮಾಸ್ತಮರಡಿಯ ಗೌಡರ ಮಗನನ್ನು ದತ್ತಕ ತೆಗೆದುಕೊಂಡು ಶಿವಲಿಂಗಪ್ಪನೆಂದು ಹೆಸರಿಸಿ ಸಂಸ್ಥಾನದ ಉತ್ತರಾಧಿಕಾರಿಯನ್ನಾಗಿ ಮಾಡಲಾಯಿತು. ಧಾರವಾಡದ ಕಲೆಕ್ಟರ್ ಥ್ಯಾಕರೆ ಈ ದತ್ತಕವನ್ನು ಒಪ್ಪಲಿಲ್ಲ. ನಮ್ಮ ಮನೆಯ ಮಗನನ್ನು ಆರಿಸುವ ಅಧಿಕಾರ ಪರರಿಗೆ ಎಲ್ಲಿಂದ ಬಂತೆಂಬುದೇ ರಾಣಿ ಚೆನ್ನಮ್ಮಾಜಿಯ ಪ್ರಶ್ನೆಯಾಯಿತು. 1824ರ ಅಕ್ಟೋಬರ್ 23ರಂದು ನಡೆದ ಯುದ್ಧದಲ್ಲಿ ಥ್ಯಾಕರೆ ಹತನಾದನು. ಡಿಸೆಂಬರಿನಲ್ಲಿ ಮತ್ತೆ ಬಂದ ಇಂಗ್ಲಿಷರ ದೊಡ್ಡ ಸೈನ್ಯಕ್ಕೆ ಕೋಟೆ ವಶವಾಯಿತು. ಒಬ್ಬ ಬಾಲಕನ ಆಯ್ಕೆಗಾಗಿ ಇಷ್ಟೆಲ್ಲ ನಡೆಯಿತು. ಆದರೆ ಆ ಬಾಲಕನ ಮನಸ್ಸಿನಲ್ಲಿ ಏನಿದ್ದಿತೆಂದು ಕೇಳುವ ವಿಚಾರ ನಮಗೆ ಅಂದು ಮೊದಲ ಬಾರಿಗೆ ಬಂದಿತು.

ಮರುದಿನ ಬೈಲಹೊಂಗಲಕ್ಕೆ ಬಂದೆವು. ಹತ್ತಿಯ ವ್ಯಾಪಾರಕ್ಕೆ ಹೆಸರಾದ ಪೇಟೆಯಿದು. ಸೆರೆಯಲ್ಲಿಯೇ 1829ರಲ್ಲಿ ದೇಹವಿಟ್ಟ ಚೆನ್ನಮ್ಮಾಜಿಯ ಸಮಾಧಿ ಇಲ್ಲಿಯೇ ಇದೆ. ಸಮಾಧಿಯ ದರ್ಶನ ಮುಗಿಸಿಕೊಂಡು, ನಮ್ಮನ್ನು ಪ್ರಸಾದಕ್ಕೆ ಬಿನ್ನೈಸಿದ್ದ ಭಕ್ತರ ಮನೆಗೆ ಹೋದೆವು. ಬಾಗಿಲಲ್ಲಿಯೇ ಆ ಮನೆಯ ತಾಯಿ, “ಶಾಸ್ತ್ರಿಗಳ್ರೀ, ಹುಡುಗ ಎರಡ ದಿನ ಆತು ರೊಟ್ಟಿ ಮುಟ್ಟವಲ್ಲ. ನೀವರ ಒಂದ ಮಾತ ಹೇಳ್ರಿ” ಎಂದು ಕಣ್ಣೀರು ತಂದಳು. ಹತ್ತೊಂಬತ್ತು ವರ್ಷದ ಮಗ. ಊರೂರಿನ ಜಾತ್ರೆಗಳಲ್ಲಿ ಕಬಡ್ಡಿ ಆಡಿ ಹೆಸರು ಗಳಿಸಿದವನು. ತರುಣ ಆಟಗಾರರ ಆಯ್ಕೆಯ ಶಿಬಿರವೊಂದಕ್ಕೆ ಹೋಗಿದ್ದನು. ಅಲ್ಲಿ ಹೆಸರು ಕರೆಯುವಾಗ ಅವನ ಹೆಸರು ಬರಲಿಲ್ಲ. ಜೊತೆಗೆ ಹೋದ ಗೆಳೆಯನ ಹೆಸರು ಬಂದಿತು.

ನಾವು ಅವನಿಗೆ ಏನನ್ನೂ ಉಪದೇಶಿಸಲಿಲ್ಲ. ಉಣ್ಣದ ಹೊಟ್ಟೆಗೆ ಉಪದೇಶ ಇಳಿಯುವುದಿಲ್ಲ. “ನಾಳೆ ನಮ್ಮ ಕೂಡ ಸವದತ್ತಿ, ರಾಮದುರ್ಗಕ್ಕ ಬಾ. ನಮ್ಮ ಪುಸ್ತಕದ ಗಂಟು ಹೊರಲಿಕ್ಕೆ ಒಬ್ಬರು ಬೇಕಾಗ್ಯಾರ” ಎಂದೆವು. ಅವನು ಬಂದನು.

ಸವದತ್ತಿಯ ದಾರಿಯಲ್ಲಿ ಎರಡೂ ಕಡೆ ಎರೆಯ ಹೊಲಗಳು ಮಳೆಯಿಂದ ಕಪ್ಪಗೆ ಹೊಳೆಯುತ್ತಿದ್ದವು. ಹುಡುಗನು ಮಾತನಾಡಲಿಲ್ಲ. ಆಗ ನಾವೇ ಆ ವರ್ಷದ ಹರಾಜಿನ ಮಾತು ತೆಗೆದೆವು. 2025ರ ಹರಾಜಿನಲ್ಲಿ ಇರಾನಿನ ಮೊಹಮ್ಮದ್ ರೇಜಾ ಶಾದ್ಲೂಗೆ ಗುಜರಾತ್ ತಂಡ 2.23 ಕೋಟಿ ರೂಪಾಯಿ ಕೊಟ್ಟಿದ್ದಿತು. ಅದೇ ಹರಾಜಿನಲ್ಲಿ ಪ್ರದೀಪ್ ನರವಾಲನನ್ನು ಕೊಳ್ಳುವವರೇ ಇರಲಿಲ್ಲ. ಪ್ರೊ ಕಬಡ್ಡಿಯ ಇತಿಹಾಸದಲ್ಲಿ ದಾಳಿಯಿಂದ 1,800 ಅಂಕ ಗಳಿಸಿದ ಆಟಗಾರನವನು. 2021ರಲ್ಲಿ ಅವನ ಬೆಲೆ 1.65 ಕೋಟಿ, 2024ರಲ್ಲಿ ನಮ್ಮ ಬೆಂಗಳೂರು ಬುಲ್ಸ್ ಕೊಟ್ಟದ್ದು 70 ಲಕ್ಷ, 2025ರಲ್ಲಿ ಶೂನ್ಯ. ಅದರ ಬೆನ್ನಿಗೇ ಅವನು ಆಟದಿಂದ ನಿವೃತ್ತನಾದನು.

“ಬುಲ್ಸ್‌ನವರು ಅವನ್ನ ತಗೊಂಡಿದ್ದ ತಪ್ಪರೀ” ಎಂದು ಹುಡುಗ ಮೊದಲ ಬಾರಿಗೆ ಬಾಯಿ ತೆರೆದನು. ನಮಗೂ ಅದೇ ಅಭಿಪ್ರಾಯ. ಹೆಸರನ್ನು ನೋಡಿ ಕೊಂಡರು. ದಣಿದ ಮೊಣಕಾಲನ್ನು ನೋಡಲಿಲ್ಲ. ಆ ವರ್ಷ ಬುಲ್ಸ್ ತಂಡ ಎರಡೇ ಪಂದ್ಯಗಳನ್ನು ಗೆದ್ದು ಹನ್ನೆರಡು ತಂಡಗಳಲ್ಲಿ ಕೊನೆಯ ಸ್ಥಾನಕ್ಕೆ ಇಳಿಯಿತು. ದೋಷವನ್ನೆಲ್ಲ ಒಬ್ಬ ಪ್ರದೀಪನ ತಲೆಗೆ ಕಟ್ಟುವುದು ನ್ಯಾಯವಲ್ಲ. ಆದರೂ ಕಳೆದುಹೋದ ವರ್ಷಗಳ ಕೀರ್ತಿಗೆ ಹಣ ಕೊಡುವುದು ಆರಿಸುವವರ ಸಾಮಾನ್ಯ ತಪ್ಪು.

ಪವನ್ ಸೆಹ್ರಾವತನ ಕಥೆ ಇನ್ನೂ ವಿಚಾರಾರ್ಹವಾದುದು. 2017ರಲ್ಲಿ ಅವನು ಗುಜರಾತ್ ತಂಡದಲ್ಲಿದ್ದನು; ಹೇಳಿಕೊಳ್ಳುವಂತಹ ಆಟ ಅವನಿಂದ ಆಗಲಿಲ್ಲ. 2018ರಲ್ಲಿ ಬುಲ್ಸ್ ಅವನನ್ನು 52.8 ಲಕ್ಷಕ್ಕೆ ಮರಳಿ ತಂದಿತು. ಆ ವರ್ಷದ ಹರಾಜಿನಲ್ಲಿ ಆರು ಜನ ಕೋಟಿಯ ಗೆರೆ ಮುಟ್ಟಿದ್ದರು, ಅವರಲ್ಲಿ ಇವನಿರಲಿಲ್ಲ. 2019ರ ಜನೆವರಿ 5ರಂದು ನಡೆದ ಅಂತಿಮ ಪಂದ್ಯದಲ್ಲಿ ಅದೇ ಗುಜರಾತಿನ ವಿರುದ್ಧ ಅವನೊಬ್ಬನೇ 22 ಅಂಕ ತಂದನು. ಬುಲ್ಸ್ 38–33ರಿಂದ ಗೆದ್ದು ಮೊದಲ ಬಾರಿಗೆ ಪ್ರಶಸ್ತಿ ಪಡೆಯಿತು. ಮುಂದೆ 2023ರಲ್ಲಿ ತೆಲುಗು ಟೈಟನ್ಸ್ ಅವನಿಗೆ 2.60 ಕೋಟಿಗೂ ಮಿಕ್ಕಿ ಕೊಟ್ಟಿತು. ತಂಡ ಕೊನೆಯ ಸ್ಥಾನದಲ್ಲಿ ನಿಂತಿತು. ಆಟಗಾರ ಅವನೇ, ತೊಡೆಯ ಬಲವೂ ಅದೇ. ಬೆಲೆ ಐದು ಪಟ್ಟಾಯಿತು, ಫಲ ತಿರುವುಮುರುವಾಯಿತು. ಏಕೆಂದರೆ ಕಬಡ್ಡಿಯಲ್ಲಿ ಏಳು ಜನ ಆಡಬೇಕು. ಒಬ್ಬನಿಗೆ ಬೊಕ್ಕಸವನ್ನು ಸುರಿದು ಉಳಿದ ಆರು ಜನರನ್ನು ಅಗ್ಗದಲ್ಲಿ ಕೂಡಿಸುವುದು ನಮಗೆ ಸರಿಕಾಣದು. ಕನ್ನಡಿಗ ಬಿ.ಸಿ. ರಮೇಶರು ತರಬೇತಿಗೊಳಿಸಿದ ಪುಣೆಯ ತಂಡವು 2024ರ ಮಾರ್ಚಿನಲ್ಲಿ ಪ್ರಶಸ್ತಿ ಗೆದ್ದದ್ದು ಬಹುಮಟ್ಟಿಗೆ ತಾನೇ ಬೆಳೆಸಿದ ಹುಡುಗರ ಬಲದಿಂದ.

ಇಷ್ಟು ಹೇಳುವಷ್ಟರಲ್ಲಿ ಹುಡುಗನೇ ಮುಂದಿನದನ್ನು ಹೇಳಿದನು. 2022ರಲ್ಲಿ ತಮಿಳು ತಲೈವಾಸ್ ತಂಡ ಇದೇ ಪವನನಿಗೆ 2.26 ಕೋಟಿ ಕೊಟ್ಟಿದ್ದಿತು. ಬೆಂಗಳೂರಿನಲ್ಲಿ ನಡೆದ ಮೊದಲ ಪಂದ್ಯದಲ್ಲಿಯೇ ಮೊಣಕಾಲಿಗೆ ಪೆಟ್ಟಾಗಿ ಅವನು ಇಡೀ ಋತುವಿಗೆ ಹೊರಗುಳಿದನು. ಆ ತೆರವಾದ ಜಾಗದಲ್ಲಿ ನರೇಂದರ್ ಎಂಬ ಹೊಸ ಹುಡುಗ ನಿಂತು ಇನ್ನೂರಕ್ಕೂ ಅಧಿಕ ಅಂಕ ಗಳಿಸಿದನು. ಆ ತಂಡ ಮೊಟ್ಟಮೊದಲ ಬಾರಿಗೆ ಉಪಾಂತ್ಯಕ್ಕೆ ಏರಿತು. ಇದನ್ನು ಹೇಳುವಾಗ ಹುಡುಗನ ಧ್ವನಿಯಲ್ಲಿ ಎರಡು ದಿನಗಳಿಂದ ಇಲ್ಲದ ಜೀವ ಬಂದಿದ್ದಿತು.

ಸವದತ್ತಿ ತಲುಪಿ ನವಿಲುತೀರ್ಥದಲ್ಲಿ ಇಳಿದೆವು. ಗುಡ್ಡಗಳ ಸಂದಿನಲ್ಲಿ ಮಲಪ್ರಭೆಯನ್ನು ತಡೆದು ಕಟ್ಟಿದ ಆಣೆಕಟ್ಟು, ಹಿಂದೆ ರೇಣುಕಾಸಾಗರದ ವಿಸ್ತಾರವಾದ ಜಲರಾಶಿ. ಅಲ್ಲಿಯೇ ಕಟ್ಟಿಕೊಂಡು ಬಂದಿದ್ದ ಬುತ್ತಿಯನ್ನು ಬಿಚ್ಚಿದೆವು. ಹುಡುಗನು ಎರಡು ರೊಟ್ಟಿ ತಿಂದನು. ಅಮೆರಿಕೆಯಲ್ಲಿ ನೆಲೆಸಿರುವ ನಮ್ಮ ಶಿಷ್ಯರೊಬ್ಬರು ಹೇಳಿದ್ದ ಸಂಗತಿಯನ್ನು ಅವನಿಗೆ ತಿಳಿಸಿದೆವು. ಅಲ್ಲಿ ತತ್ತಿಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಆಟಕ್ಕೆ ಫುಟ್‌ಬಾಲ್ ಎಂದು ಹೆಸರು. ಅದರ ವೃತ್ತಿ ತಂಡಗಳು 1936ರಿಂದ ವರ್ಷಕ್ಕೊಮ್ಮೆ ಕಾಲೇಜಿನ ತರುಣರನ್ನು ಸರದಿಯಂತೆ ಆರಿಸಿಕೊಳ್ಳುತ್ತವೆ. ಹಿಂದಿನ ವರ್ಷ ಎಲ್ಲರಿಗಿಂತ ಕೊನೆಗೆ ಉಳಿದ ತಂಡಕ್ಕೆ ಮೊದಲ ಆಯ್ಕೆಯ ಹಕ್ಕು. ಸೋತವನ ಎಲೆಗೆ ಮೊದಲು ಬಡಿಸುವ ಈ ಪದ್ಧತಿ ನಮ್ಮ ಮನಸ್ಸಿಗೆ ಬಹಳ ಹಿಡಿಸಿತು. ಅಲ್ಲಿ ಮೊಟ್ಟಮೊದಲ ವರ್ಷ ಎಲ್ಲರಿಗಿಂತ ಮೊದಲು ಆಯ್ಕೆಯಾದ ಜೇ ಬರ್ವಾಂಗರ್ ವೃತ್ತಿ ತಂಡದಲ್ಲಿ ಒಂದು ಪಂದ್ಯವನ್ನೂ ಆಡಲಿಲ್ಲ. 2000ನೇ ಇಸವಿಯಲ್ಲಿ 199ನೆಯವನಾಗಿ ಆರಿಸಲ್ಪಟ್ಟ ಟಾಮ್ ಬ್ರೇಡಿ ಏಳು ಸಲ ಮಹಾಪ್ರಶಸ್ತಿ ಗೆದ್ದನು. ಅವನಿಗಿಂತ ಮೊದಲು 198 ಸಲ ಬೇರೆ ಹೆಸರುಗಳನ್ನು ಕರೆದರು. ಆರಿಸುವವರು ದಡ್ಡರಾಗಿರಲಿಲ್ಲ. ಕಣ್ಣಿಗೆ ಕಾಣುವುದನ್ನು ಅವರು ಅಳೆದರು. ಕಾಣದ್ದನ್ನು ಅಳೆಯುವ ಕೋಲು ಅವರಲ್ಲಿರಲಿಲ್ಲ.

ಹುಡುಗ ಬಹಳ ಹೊತ್ತು ನೀರನ್ನು ನೋಡುತ್ತ ಕುಳಿತು, “ಅಜ್ಜಾರ, ಇದೆಲ್ಲಾ ಗೆದ್ದವರ ಕಥಿ ಆತು. ಆರಿಸದ ಹಂಗ ಉಳದವರು ಎಷ್ಟೋ ಮಂದಿ ಇರತಾರಲ್ರೀ, ಅವರದೇನು?” ಎಂದು ಕೇಳಿದನು.

ಈ ಪ್ರಶ್ನೆಗೆ ಪುಸ್ತಕದ ಉತ್ತರ ಸಾಲದಾಯಿತು. ಆದುದರಿಂದ ನಮ್ಮ ಸ್ವಂತದ ಮಾತನ್ನೇ ಹೇಳಬೇಕಾಯಿತು. ನಾವು ಬಾಲ್ಯದಲ್ಲಿ ಓದುತ್ತಿದ್ದ ಮಠದಲ್ಲಿ ಮುಂದಿನ ಮರಿಗಳನ್ನು ಆರಿಸುವ ಕಾಲ ಬಂದಾಗ ಮೂವರು ವಟುಗಳ ಹೆಸರು ಗುರುಗಳ ಮುಂದಿದ್ದವು. ಅವುಗಳಲ್ಲಿ ನಮ್ಮದೂ ಒಂದು. ಪಾಠದಲ್ಲಿ ನಾವೇ ಮುಂದಿದ್ದೆವೆಂಬ ಗರ್ವ ನಮಗಿದ್ದಿತು. ಆಯ್ಕೆಯಾದವನು ಬೇರೆಯವನು. ಪಟ್ಟದ ದಿನ ನಾವು ದನದ ಕೊಟ್ಟಿಗೆಯಲ್ಲಿ ಕುಳಿತು ಅತ್ತೆವು. ಅಡಿಗೆಯ ಮುದುಕರು ಹುಡುಕುತ್ತ ಬಂದು, ಏನನ್ನೂ ಕೇಳದೆ ಕೈಯಲ್ಲಿ ಸೌಟು ಕೊಟ್ಟು, “ಪಂಕ್ತಿ ಕುಂತೈತಿ, ನೀಡ ಬಾ” ಎಂದರು. ಅಂದು ಬಡಿಸಿದೆವು. ಆದರೆ ಹೊಟ್ಟೆಕಿಚ್ಚು ಅಂದೇ ಆರಲಿಲ್ಲ. ಎರಡು ವರ್ಷ ಆ ಗೆಳೆಯರ ಮುಖವನ್ನು ನೆಟ್ಟಗೆ ನೋಡಲಿಲ್ಲ. ಮುಂದೆ ಅವರು ಆ ಮಠವನ್ನು ನಡೆಸಿದ ಸಹನೆಯನ್ನು ಕಂಡಾಗ, ಗುರುಗಳು ನಮ್ಮ ಪಾಠವನ್ನಲ್ಲ, ಅವರ ತಾಳ್ಮೆಯನ್ನು ನೋಡಿದ್ದರೆಂದು ತಿಳಿಯಿತು. ನಮ್ಮ ಪಾಲಿಗೆ ಊರೂರು ಸುತ್ತುವ ಈ ವಿದ್ಯೆ ಉಳಿಯಿತು. ಇದು ಕಡಿಮೆಯದೆಂದು ಈಗ ಅನಿಸುವುದಿಲ್ಲ. ಆಗ ಅನಿಸಿದ್ದುಂಟು.

ಹುಡುಗ ನಗಲಿಲ್ಲ, ಸಮಾಧಾನದ ಮಾತನ್ನೂ ಆಡಲಿಲ್ಲ. ಪುಸ್ತಕದ ಗಂಟನ್ನು ಹೆಗಲಿಗೇರಿಸಿ, “ನಡೀರಿ ಅಜ್ಜಾರ, ಹೊತ್ತಾಕ್ಕೈತಿ” ಎಂದನು.

ರಾಮದುರ್ಗವೂ ಮಲಪ್ರಭೆಯ ದಂಡೆಯ ಊರೇ. 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾಗುವವರೆಗೆ ಅದೊಂದು ಚಿಕ್ಕ ಸಂಸ್ಥಾನವಾಗಿದ್ದಿತು. ಪ್ರವಚನಕ್ಕೆ ಇನ್ನೂ ಸಮಯವಿದ್ದುದರಿಂದ, ಪರಿಚಿತರಾದ ವಯೋವೃದ್ಧ ವಸ್ತಾದರೊಬ್ಬರ ಗರಡಿಮನೆಗೆ ಹೋದೆವು. ಎಣ್ಣೆ, ಮಜ್ಜಿಗೆ, ಅರಿಸಿನ ಕೂಡಿಸಿ ಹದಮಾಡಿದ ಕೆಮ್ಮಣ್ಣಿನ ವಾಸನೆ ಬಾಗಿಲಿಗೇ ಬಂದಿತು. ಜಾತ್ರೆಯ ಕುಸ್ತಿಗಳಲ್ಲಿ ಪೈಲವಾನರ ಜೋಡಿ ಕಟ್ಟುವಾಗ ಇವರ ಮಾತೇ ಕಡೆಯ ಮಾತು. ತಕ್ಕಡಿಯಿಲ್ಲದೆ ಕಣ್ಣಿನಿಂದಲೇ ತೂಗುವವರು. ನಾವು ನಮ್ಮ ಹುಡುಗನ ಸಂಗತಿ ಹೇಳದೆ, “ಹುಡುಗರನ್ನ ಹೆಂಗ ಆರಸ್ತೀರಿ?” ಎಂದಷ್ಟೇ ಕೇಳಿದೆವು.

“ಚಲೋ ಆಡಾಂವನ್ನ ಯಾವನರ ಆರಸ್ತಾನ್ರೀ” ಎಂದರು ಅವರು. “ಬಿದ್ದ ಮರುದಿನ ನಸುಕಿನ್ಯಾಗ ಬಂದು ಸಲಿಕಿ ಹಿಡದು ಮಣ್ಣ ಹದಾ ಮಾಡಾಂವನ್ನ ನಾ ನೋಡತೇನಿ. ಅಂವಾ ಪೈಲವಾನ ಆಗತಾನೋ ಇಲ್ಲೋ, ಅದು ಬ್ಯಾರೆ ಮಾತು. ಗರಡಿ ನಡಿಯೂದು ಅಂಥಾವರಿಂದ.”

ಅಂದಿನ ಪ್ರವಚನದಲ್ಲಿ ನಾವು ಕಲ್ಯಾಣದ ಶೂನ್ಯಸಿಂಹಾಸನದ ಪ್ರಸಂಗವನ್ನು ಎತ್ತಿಕೊಂಡೆವು. ಮಂತ್ರಿಯಾಗಿದ್ದ ಬಸವಣ್ಣನವರು ಅನುಭವ ಮಂಟಪದ ಆ ಪೀಠದಲ್ಲಿ ತಾವು ಕೂಡಲಿಲ್ಲ. ಬಳ್ಳಿಗಾವೆಯಲ್ಲಿ ಮದ್ದಳೆ ನುಡಿಸುತ್ತಿದ್ದ ಅಲ್ಲಮಪ್ರಭುವನ್ನು ಕೂಡಿಸಿದರು ಎಂಬುದು ಶರಣಪರಂಪರೆ. ಆಯ್ಕೆಯ ದೊಡ್ಡ ಮಾದರಿ ಅದು. ಪೀಠ ಏರದವರ ಮಾದರಿಯೂ ಅದರಲ್ಲಿಯೇ ಇದೆ: ಬಸವಣ್ಣನವರು ದಾಸೋಹದಲ್ಲಿ ನಿಂತರು. ಹಾಗೆಯೇ ಬೈಲಹೊಂಗಲ ಸೀಮೆಯ ಸಂಗೊಳ್ಳಿ ರಾಯಣ್ಣನನ್ನು ಯಾರೂ ಸೇನಾಪತಿಯೆಂದು ಪಟ್ಟ ಕಟ್ಟಿ ಕಳುಹಿಸಲಿಲ್ಲ. ಕಿತ್ತೂರು ಬಿದ್ದ ಮೇಲೆ, ಅದೇ ದತ್ತಕಪುತ್ರ ಶಿವಲಿಂಗಪ್ಪನ ಹಕ್ಕಿಗಾಗಿ ಸಾಮಾನ್ಯ ಜನರನ್ನು ಕಟ್ಟಿಕೊಂಡು ಹೋರಾಡಿದನು. 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿದನು. ಕೆಲಸವೇ ಅವನನ್ನು ಆರಿಸಿತು ಎನ್ನಬೇಕು.

ಮನೆಯಲ್ಲಿ ಮಕ್ಕಳಿರುವ ವಾಚಕ ಬಂಧುಗಳಲ್ಲಿ ನಮ್ಮದೊಂದು ಅರಿಕೆ. ಪರೀಕ್ಷೆಯಿರಲಿ, ನೌಕರಿಯಿರಲಿ, ಆಟವಿರಲಿ, ಹೆಸರು ಕರೆಯದ ದಿನ ಮಗುವಿಗೆ ಗೆದ್ದವರ ಕಥೆಯನ್ನು ಹೇಳಲು ಅವಸರಪಡಬೇಡಿರಿ. ಬೆಲೆಯನ್ನು ಕಟ್ಟುವವರು ಪರರು, ಅದು ವರ್ಷಕ್ಕೊಮ್ಮೆ ಏರಿಳಿಯುತ್ತದೆ. ಯೋಗ್ಯತೆ ಬೇರೆ, ಅದು ದಿನದಿನದ ಕಾಯಕದಿಂದ ಬೆಳೆಯುವಂಥದು. ಆ ದಿನ ಮಗುವಿನ ಕೈಗೊಂದು ಸೌಟನ್ನೋ ಸಲಿಕೆಯನ್ನೋ ಕೊಟ್ಟು ಪಂಕ್ತಿಯಲ್ಲಿ ಜೊತೆಗೆ ನಿಲ್ಲಿಸಿಕೊಂಡರೆ ಸಾಕು.

ಮರುದಿನ ನಸುಕಿನಲ್ಲಿ ಪೂಜೆಗೆ ಏಳುವಷ್ಟರಲ್ಲಿ ಹುಡುಗನ ಹಾಸಿಗೆ ಬರಿದಾಗಿದ್ದಿತು. ವಿಚಾರಿಸಲು ವಸ್ತಾದರ ಗರಡಿಮನೆಗೆ ಹೋದನೆಂದರು. ಬೆಳಗಾದ ಮೇಲೆ ಮಣ್ಣು ಮೆತ್ತಿದ ಕೈಗಳಿಂದ ಬಂದು, ನಮ್ಮ ಮುಂದೆ ನಿಂತು, ಗಂಟು ಎಲ್ಲಿದೆಯೆಂದು ಕೇಳಿದನು. ಮುಂದಿನ ವರ್ಷದ ಶಿಬಿರಕ್ಕೆ ಹೋಗುವನೋ ಇಲ್ಲವೋ ಎಂದು ನಾವು ಕೇಳಲಿಲ್ಲ. ಕೆಳಗೆ ಮಲಪ್ರಭೆಯು ಕೆಂಪು ನೀರು ಹೊತ್ತು ಕೂಡಲಸಂಗಮದ ಕಡೆಗೆ ಹರಿಯುತ್ತಿದ್ದಳು.