ಕೈಗೆಟುಕುವ ಬೇಸ್

ಶಿಕಾರಿಪುರ, ಸೊರಬದ ಕಡೆ ಆರ್ಕೆಸ್ಟ್ರಾಕ್ಕೆ ಬಂದ ಜನ ವೇದಿಕೆಯ ಮೇಲೆ ಯಾರನ್ನು ಮೊದಲು ನೋಡಬೇಕು ಎಂಬುದಕ್ಕೆ ಒಂದು ಕ್ರಮವಿತ್ತು. ಮೊದಲು ಗಾಯಕಿ. ಅವಳು ಬಾರದಿದ್ದರೆ ಹೆಣ್ಣುದನಿಯಲ್ಲಿ ಹಾಡುವ ಗಂಡಸು. ಆಮೇಲೆ ರಾಜ್‌ಕುಮಾರ್ ಕಂಠದವನು, ಕೀಬೋರ್ಡಿನವನು, ರಿದಂ ಪ್ಯಾಡಿನವನು. ಮೈಕಿನ ವೈರು ಸರಿಮಾಡಲು ಬಂದ ಹುಡುಗನನ್ನೂ ನೋಡಿ ಮುಗಿದ ಮೇಲೆ, ಹೊತ್ತು ಉಳಿದಿದ್ದರೆ, ಬೇಸ್ ಗಿಟಾರಿನವನು. ಅವನೇ ನಾನು.

“ಅಷ್ಟುದ್ದದ ಗಿಟಾರ್ ಹಿಡ್ಕಂಡು ನಿಂತಿದ್ರಿ, ಸೌಂಡೇ ಬರ್ಲಿಲ್ಲವಲ್ಲ ಮಾರಾಯ್ರೆ?” ಎಂದು ಚಂದ್ರಗುತ್ತಿ ಜಾತ್ರೆಯಲ್ಲಿ ಹಿರಿಯರೊಬ್ಬರು ಕನಿಕರದಿಂದ ಕೇಳಿದ್ದರು. ಬರುತ್ತಿತ್ತು, ಅವರ ಕಿವಿಗಲ್ಲ, ಎದೆಗೆ. ಬೇಸಿನ ದಪ್ಪ ತಂತಿ ಸೆಕೆಂಡಿಗೆ ಸುಮಾರು 41 ಸಲ ಅದುರುತ್ತದೆ. ಡೊಳ್ಳು ಕೇಳಿ ಬೆಳೆದ ನಮ್ಮವರಿಗೆ ಅಂಥ ದನಿ ಹೊಸದೇನಲ್ಲ. ಅದು ತಂತಿಯಿಂದಲೂ ಬರುತ್ತದೆ ಎಂದರೆ ನಂಬಿಕೆ ಇಲ್ಲ, ಅಷ್ಟೆ. 1981ರ ‘ಗೀತಾ’ ಚಿತ್ರದ ಹಾಡು ಶುರುವಾದರೆ ಹುಡುಗರ ಕಾಲು ನಿಲ್ಲುತ್ತಿರಲಿಲ್ಲ. ಆ ಕಾಲು ಎತ್ತಿಸುತ್ತಿದ್ದುದು ಚಿತ್ರದ ಸಂಗೀತ ನಿರ್ದೇಶಕ ಇಳಯರಾಜರ ಬೇಸ್. ಜಿ.ಕೆ. ವೆಂಕಟೇಶ್ ಅವರ ತಂಡದಲ್ಲಿ ಗಿಟಾರ್ ನುಡಿಸಿ ಮೇಲೆ ಬಂದ ಆ ಪುಣ್ಯಾತ್ಮರು ಬೇಸಿಗೂ ಬಾಯಿ ಕೊಟ್ಟರು. ಹಾರ ಮಾತ್ರ ಎಂದಿನಂತೆ ಗಾಯಕನ ಕೊರಳಿಗೇ ಬಿತ್ತು.

ಈಗ ಬೇಸ್ ಅಂದರೆ ಡಿ.ಜೆ.ಯವರು ಟ್ರ್ಯಾಕ್ಟರಿನ ಟ್ರೈಲರಿಗೆ ಏರಿಸುವ ಕಪ್ಪು ಡಬ್ಬಿ. ನಮ್ಮ ಗಾಯಕ ಸೊರಬದಲ್ಲಿ ಅಡಿಕೆ, ಶುಂಠಿ ಎಂದುಕೊಂಡು ಇದ್ದಾನೆ. ಕೀಬೋರ್ಡಿನವನದು ಶಿಕಾರಿಪುರದಲ್ಲಿ ಜೆರಾಕ್ಸ್ ಅಂಗಡಿ. ನಾನು ಎರಡೂ ಊರಿನ ನಡುವೆ ಶಿರಾಳಕೊಪ್ಪದಲ್ಲಿ, ಪಿಂಚಣಿಯ ಕಾಗದಪತ್ರ ಜೋಡಿಸುತ್ತಿರುವ ಮೇಷ್ಟ್ರು. ಹೋದ ವರ್ಷ ಗಾಯಕ ಫೋನ್ ಮಾಡಿದ: “ಮೇಷ್ಟ್ರೇ, ಒಂದ್ಸಲ ಎಲ್ರೂ ಸೇರಿ ಬಾರಿಸೋಣ. ಜನ ಬರದಿದ್ರೂ ನಾವಿರ್ತೀವಲ್ಲ.”

ಅಟ್ಟದಿಂದ ಹಳೆಯ ಬೇಸ್ ಇಳಿಸಿದೆ. ಹರೆಯದಲ್ಲಿ ಅದು ನನ್ನ ಹೆಗಲ ಮೇಲಿತ್ತು. ಈಗ ನಾನು ಅದರ ಕೆಳಗಿದ್ದೆ. ಗಾಯಕನ ಮನೆಯ ಅಡಿಕೆ ತೂಗುವ ತಕ್ಕಡಿಗೆ ಇಟ್ಟರೆ ನಾಲ್ಕೂವರೆ ಕೆಜಿ ದಾಟಿತು. “ಸರಕು ಅಡಿಕೆ ಆಗಿದ್ರೆ ಒಂದು ರೇಟಾದ್ರೂ ಸಿಗ್ತಿತ್ತು” ಎಂದ. ತೂಕ ಹಾಳಾಗಲಿ, ಬಿರಡೆಗಳ ಭಾರಕ್ಕೆ ಅದರ ತಲೆ ಕೈಬಿಟ್ಟ ಕೂಡಲೇ ನೆಲ ನೋಡುತ್ತಿತ್ತು. ಎಡಗೈ ನುಡಿಸುವುದಕ್ಕಿಂತ ಎತ್ತಿ ಹಿಡಿಯುವುದರಲ್ಲೇ ಸೋಲುತ್ತಿತ್ತು. ಮೇಲಾಗಿ ಮಾಮೂಲಿ ಬೇಸಿನ ತಂತಿಯ ಉದ್ದ 34 ಅಂಗುಲ. ಅದರಲ್ಲಿ ತಲೆಯ ಕಡೆಯಿಂದ ಮೊದಲ ಮೆಟ್ಟಿನವರೆಗೆ, ಅಂದರೆ ಫ್ರೆಟ್ಟಿನವರೆಗೆ, ಸುಮಾರು 48 ಮಿಲಿಮೀಟರ್. 30 ಅಂಗುಲದ ಗಿಡ್ಡ ಬೇಸಿನಲ್ಲಿ ಸುಮಾರು 43. ಐದು ಮಿಲಿಮೀಟರ್ ಏನು ಮಹಾ ಎನ್ನುವವರು ನನ್ನ ಕಿರುಬೆರಳನ್ನು ಕೇಳಬೇಕು.

ಈ ವಾದ್ಯವನ್ನು ಮನುಷ್ಯನ ಮೈಗೆ ಒಗ್ಗಿಸಲು ಹೆಣಗಿದವರ ಕತೆ ಓದುತ್ತಾ ಹೋದರೆ ಒಂದು ತಮಾಷೆ ಕಾಣುತ್ತದೆ: ಅವರಿಗೆ ಇದನ್ನು ನುಡಿಸಲು ಬರುತ್ತಿರಲಿಲ್ಲ. 1951ರಲ್ಲಿ ಪ್ರಿಸಿಷನ್ ಬೇಸ್ ತಂದ ಅಮೆರಿಕದ ಲಿಯೋ ಫೆಂಡರ್ ಮೂಲತಃ ರೇಡಿಯೋ ರಿಪೇರಿಯವನು. ಮೊದಲ ಬೇಸ್ ಹಲಗೆ ಹಲಗೆಯಾಗಿತ್ತು. ಪಕ್ಕೆಗೆ ಒತ್ತುವ ಅಂಚನ್ನು 1954ರಲ್ಲಿ ಹೆರೆಸಿದ. 1960ರ ಜಾಝ್ ಬೇಸಿಗೆ ಕೂತು ನುಡಿಸುವವರ ತೊಡೆ ನೋಡಿ ಸೊಂಟವನ್ನೇ ಓರೆ ಮಾಡಿದ. ಆಮೇಲೆ ಬಂದವನು ಪೀಠೋಪಕರಣ ವಿನ್ಯಾಸಕ ನೆಡ್ ಸ್ಟೈನ್‌ಬರ್ಗರ್. ತಲೆಯೇ ಭಾರ ತಾನೇ ಎಂದು ತಲೆಯನ್ನೇ ತೆಗೆದು, ಬಿರಡೆಗಳನ್ನು ಬುಡಕ್ಕೆ ಕೂರಿಸಿದ. ಕುರ್ಚಿ ಮಾಡುವವನಿಗೆ ಕೂರುವವನ ಕಷ್ಟ ಗೊತ್ತಿರುತ್ತದೆ. ಮೈಯ ಕಷ್ಟ ಬಲ್ಲವರು ನಮ್ಮಲ್ಲೂ ಇದ್ದರು: ಬೇಲೂರಿನಲ್ಲಿ ಮದನಿಕೆಯರನ್ನು ಕಡೆದ ದಾಸೋಜ, ಅವನ ಮಗ ಚಾವಣ ನಮ್ಮ ಶಿಕಾರಿಪುರ ತಾಲೂಕಿನ ಬಳ್ಳಿಗಾವಿಯವರು. ಮೈ ಎಲ್ಲಿ ಬಾಗುತ್ತದೆ, ಭಾರ ಯಾವ ಕಾಲಿಗೆ ಬೀಳುತ್ತದೆ ಎಂದು ಕಲ್ಲಿನಲ್ಲೇ ತೋರಿಸಿದವರು. ಬೇಸ್ ಮಾಡುವ ಕೆಲಸ ಅವರಿಗೆ ಸಿಕ್ಕಿದ್ದರೆ ನನ್ನ ಪಕ್ಕೆಲುಬು ನೆಮ್ಮದಿಯಾಗಿರುತ್ತಿತ್ತು.

ನನ್ನ ಬಜೆಟ್ಟು 12,000 ರೂಪಾಯಿ, ಅದೂ ಮನೆಯಾಕೆ ಮಂಜೂರು ಮಾಡಿದ್ದು. ಶಿವಮೊಗ್ಗದ ಅಂಗಡಿಯಲ್ಲಿ “ಬೇಸಾ? ಆರ್ಡರ್ ಕೊಟ್ರೆ ತರಿಸ್ತೀವಿ” ಎಂದರು. ಹೊಸದರ ಬೆಲೆ ಕೇಳಿ ನಮಸ್ಕಾರ ಹೇಳಿ ಬಂದೆ. ಬೀಟಲ್ಸ್‌ನ ಪಾಲ್ ಮೆಕಾರ್ಟ್ನಿ 1961ರಲ್ಲಿ ಹ್ಯಾಂಬರ್ಗಿನಲ್ಲಿ ಪಿಟೀಲಿನ ಆಕಾರದ ಪುಟ್ಟ ಹಾಫ್ನರ್ ಬೇಸ್ ಕೊಂಡದ್ದಕ್ಕೂ ಒಂದು ಕಾರಣ ಅದು ಅಗ್ಗ ಎಂಬುದೇ. ಹಗುರವೂ ಆಗಿತ್ತು, ಗಿಡ್ಡವೂ ಆಗಿತ್ತು. ಜೇಬು ಖಾಲಿಯಿದ್ದವನಿಗೆ ಇದಕ್ಕಿಂತ ಧೈರ್ಯ ಬೇಕೆ?

ಕೊನೆಗೆ ಶಿವಮೊಗ್ಗದಲ್ಲೇ ಇಂಜಿನಿಯರಿಂಗ್ ಓದುವ ಹುಡುಗನೊಬ್ಬ ಮಾರುತ್ತಿದ್ದ ಐಬನೀಜ್ ಮಿಕ್ರೋ ಸಿಕ್ಕಿತು. ತಂತಿಯ ಉದ್ದ 28.6 ಅಂಗುಲ. “ಮಗನಿಗಾ ಅಂಕಲ್?” ಎಂದ. ಹೂಂ ಎಂದೆ. ಮನೆಯಲ್ಲಿ ಇವಳು ನೋಡಿ, “ರೀ, ಮರಿ ಹಾಕಿದೆಯಾ ಹಳೇದು?” ಎಂದಳು. ಸೊರಬದ ಬಸ್ಸಿನ ಕಂಡಕ್ಟರ್ ಹಳೇ ಶಿಷ್ಯ. “ಇದಕ್ಕೆ ಲಗೇಜ್ ಬೇಡ ಸಾರ್. ಹಳೇದು ತಂದಿದ್ರೆ ಹಾಫ್ ಟಿಕೆಟ್ ಹರೀತಿದ್ದೆ” ಎಂದ.

ಹೆಗಲ ಉಪಾಯ ಹೇಳಿಕೊಟ್ಟವರು ಡೊಳ್ಳಿನ ತಂಡದವರು. ಅಷ್ಟು ದೊಡ್ಡ ವಾದ್ಯ ಕಟ್ಟಿಕೊಂಡು ಕುಣಿಯುವವರಿಗಿಂತ ಬೇರೆ ತಜ್ಞರು ಯಾರು? “ಪಟ್ಟಿ ಸಣ್ಣ ಆದ್ರೆ ಕೊಯ್ತದೆ ಮೇಷ್ಟ್ರೇ, ಅಗಲ ಮಾಡ್ಸಿ” ಎಂದರು. ಚಪ್ಪಲಿ ಹೊಲಿಯುವವರ ಹತ್ತಿರ ನಾಲ್ಕು ಬೆರಳಗಲದ ತೊಗಲಿನ ಬೆಲ್ಟ್ ಮಾಡಿಸಿದೆ, ಒರಟು ಮೈ ಒಳಗೆ ಬರುವಂತೆ. ಅಂಗಿಯ ಮೇಲೆ ಜಾರದಿದ್ದರೆ ಗಿಟಾರಿನ ತಲೆ ಬಾಗುವುದೂ ಕಡಿಮೆ. ಕೂತಾಗ ಬೇಸ್ ಎಲ್ಲಿರುತ್ತದೋ ನಿಂತಾಗಲೂ ಅಲ್ಲೇ ಇರುವಷ್ಟು ಉದ್ದಕ್ಕೆ ಕಟ್ಟಿದೆ. ಮೊಣಕಾಲಿನವರೆಗೆ ಇಳಿಬಿಟ್ಟು ನುಡಿಸುವ ಶೋಕಿ ಮಣಿಕಟ್ಟು ಗಟ್ಟಿಯಿರುವ ಹುಡುಗರಿಗೆ.

ಬಲಗೈ ಒತ್ತುವ ಅಂಚೊಂದು ಉಳಿದಿತ್ತು. ಗಂಧದ ಕೆತ್ತನೆಗೆ ಹೆಸರಾದ ಗುಡಿಗಾರರು ಸೊರಬದಲ್ಲೇ ಇರುವಾಗ ಚಿಂತೆ ಯಾಕೆ? ವಯಸ್ಸಾದ ಕೆತ್ತನೆಯವರೊಬ್ಬರು ಬೇಸನ್ನು ತಿರುಗಿಸಿ ಮೂಸಿ ನೋಡಿ, ಗಂಧವಲ್ಲ ಎಂದು ಖಾತ್ರಿ ಮಾಡಿಕೊಂಡರು. “ಆನೆಗೆ ಸೊಂಡಿಲು ಕೆತ್ತಿದವ್ರು ನಾವು, ಇದಕ್ಕೊಂದು ಸೊಂಟ ಕೊಡೋದೇನು ಬಿಡಿ” ಎಂದು ಉಳಿಯನ್ನೇ ಮುಟ್ಟದೆ ಅರದಲ್ಲೇ ಉಜ್ಜಿ ಕೊಟ್ಟರು. ಬಣ್ಣ ಹೋದ ಜಾಗ ಚಂದವಿಲ್ಲ. ಕೈಗೆ ಅದು ಕಾಣುವುದಿಲ್ಲವಲ್ಲ.

ಅಡಿಕೆ ಕಣದಲ್ಲಿ ನಾವು ಸೇರಿದೆವು. ಗಾಯಕನ ದನಿ ಮೇಲಿನ ಷಡ್ಜಕ್ಕೆ ಹೋಗಲಿಲ್ಲ, ಕೀಬೋರ್ಡಿನವನಿಗೆ ಕನ್ನಡಕ ಸಾಲಲಿಲ್ಲ. ಆ ರಾತ್ರಿ ನೋವಿಲ್ಲದೆ ಮಲಗಿದವನು ತಂಡದಲ್ಲಿ ನಾನೊಬ್ಬನೇ.

ಬೇಸ್ ಕೊಳ್ಳುವವರು ಮೊದಲು ತಕ್ಕಡಿಗೆ ಇಡಿ, ಆಮೇಲೆ ಬೆಲ್ಟ್ ಹಾಕಿ ನಿಂತು ಎರಡೂ ಕೈ ಬಿಟ್ಟು ನೋಡಿ, ಬಣ್ಣ ಕೊನೆಗೆ. ನನ್ನ ಹಳೆಯ 34 ಅಂಗುಲದ್ದು ಮತ್ತೆ ಅಟ್ಟ ಸೇರಿದೆ. ಉದ್ದ ಕೈಯವರು, ಗಟ್ಟಿ ಹೆಗಲಿನವರು ಯಾರಾದರೂ ಇದ್ದರೆ ಶಿರಾಳಕೊಪ್ಪಕ್ಕೆ ಬಂದು ಒಯ್ಯಿರಿ. ದುಡ್ಡು ಬೇಡ, ಲಗೇಜ್ ಚಾರ್ಜ್ ನಿಮ್ಮದು.